ಸುಂದರಾಬಾಯಿಯ ದೊಡ್ಡ ಮಗಳು

ಕೂಕಟ್‌ಪಲ್ಲಿಯ ಹೌಸಿಂಗ್ ಬೋರ್ಡ್ ಕಾಲೊನಿಯ ಆ ಸಾಲಿನಲ್ಲಿ ಫೋನು ಇದ್ದದ್ದು ಅಮರೇಶಪ್ಪನವರ ಮನೆಯಲ್ಲಿ ಮಾತ್ರ. ಹಾಗಾಗಿ ಯಾರ ಮನೆಗೆ ಯಾವ ಸುದ್ದಿ ಬಂದರೂ ಅದು ಮೊದಲು ಅಮರೇಶಪ್ಪನವರ ಕಿವಿಗೆ ಬಿದ್ದು, ಅವರದೊಂದು ಸಲಹೆಯನ್ನು ಬೆನ್ನಿಗೆ ಕಟ್ಟಿಕೊಂಡೇ ಮನೆಯವರನ್ನು ಮುಟ್ಟುತ್ತಿತ್ತು. ಶ್ರಾವಣದ ಮೊದಲ ಶುಕ್ರವಾರ, ಬೆಳಿಗ್ಗೆ ಏಳೂವರೆಗೆ, ಅವರು ಬನಿಯನ್ನಿನಲ್ಲೇ ಬಂದು ನರಹರಿಯ ಬಾಗಿಲು ತಟ್ಟಿದರು.

“ದಿಲ್‌ಸುಖ್‌ನಗರದಿಂದ ಸುಂದರಾಬಾಯಿ ಅಂಬೋರು ಫೋನ್ ಮಾಡಿದ್ರು. ಹನ್ನೆರಡು ಗಂಟೆಕ್ಕ ಮಗಳನ್ನ ನೋಡಾಕ ಬರತಾರಂತ. ನಿಮ್ಮ ಮನ್ಯಾಗ ಅವರ ಮಗಳು ಯಾರದಾಳರಿ ನರಹರಿಯವರ?”

ನರಹರಿಯ ಕೈಯಲ್ಲಿದ್ದ ಚಹಾ ಅರ್ಧ ಬಸಿಗೆ, ಅರ್ಧ ಲುಂಗಿಗೆ ಚೆಲ್ಲಿತು. ಆ ಮಗಳು ಯಾರು ಎಂದು ಹೇಳುವ ಮೊದಲು ನರಹರಿಗೆ ಹಿಡಿದ ಹುಚ್ಚಿನ ಬಗ್ಗೆ ಎರಡು ಮಾತು ಹೇಳಿಬಿಡಬೇಕು.

ನರಹರಿ ರಾಯಚೂರಿನವನು. ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ, ಬೇರೆಯವರು ಮಾಡಿದ ಬಿಡಿಭಾಗಗಳ ಅಳತೆ ನೋಡಿ ಸರಿ ತಪ್ಪು ಬರೆಯುವ ಕೆಲಸ. ವಾರವಿಡೀ ಇನ್ನೊಬ್ಬರ ತಪ್ಪು ಹುಡುಕಿ ಬೇಸತ್ತವನು ಭಾನುವಾರ ಬಂತೆಂದರೆ ಕೌದಿ ಹೊಲಿಯಲು ಕೂರುತ್ತಿದ್ದ. ಕೌದಿ ಹೆಂಗಸರು ಕೈಯಲ್ಲಿ ಹೊಲಿಯುವ ಹೊದಿಕೆ, ಗಂಡಸಿಗೇಕೆ ಎಂದು ಕೇಳಿದವರಿಗೆ, ತಾನು ಹೊಲಿಯುವುದಿಲ್ಲ, ಮಿಷನ್ ಹೊಲಿಯುತ್ತದೆ ಎನ್ನುತ್ತಿದ್ದ. ಈಗಿನ ಮಿಷನ್ನುಗಳು ಹಳೆ ಸೀರೆಯ ಎಂಟು ಪದರ ಕಂಡರೆ ಸೂಜಿ ಮುರಿದುಕೊಂಡು ಕೂರುತ್ತವೆ. ಹಳೆಯ ಕಾಲದ ಕಬ್ಬಿಣದ ಕೈಮಿಷನ್ನು ಹಾಗಲ್ಲ, ಬಿಸಿ ರೊಟ್ಟಿ ಮುರಿದಷ್ಟು ಸಲೀಸಾಗಿ ಎಂಟೂ ಪದರ ದಾಟಿ ಹೋಗುತ್ತದೆ. ಇಷ್ಟಕ್ಕೆ ಒಂದು ಮಿಷನ್ ಸಾಕಿತ್ತು. ಆದರೆ ಎರಡು ಕೋಣೆಯ ಆ ಮನೆಯಲ್ಲಿ ಆಗ ಐದಿದ್ದವು. ಒಂದರ ಮೇಲೆ ಅಕ್ಕಿಯ ಡಬ್ಬಿ, ಇನ್ನೊಂದರ ಮೇಲೆ ಟಿವಿ. ಮಲಗಿದರೆ ಕಾಲಿಗೆ ಚಕ್ರ ತಾಗುತ್ತದೆ, ಎದ್ದರೆ ಮಂಡಿಗೆ ಹಿಡಿಕೆ ಬಡಿಯುತ್ತದೆ ಎಂದು ಹೆಂಡತಿ ಶೋಭಾ ಹೇಳಿ ಹೇಳಿ ಸಾಕಾಗಿ, ಹೇಳುವುದನ್ನೇ ಬಿಟ್ಟಿದ್ದಳು.

ಇನ್ನು ಮಗಳ ವಿಚಾರ. ಸುಂದರಾಬಾಯಿ ಹುಮನಾಬಾದ್ ಕಡೆಯಿಂದ ಬಂದು ದಿಲ್‌ಸುಖ್‌ನಗರದಲ್ಲಿ ನೆಲೆಸಿದ ಮುದುಕಿ. ಗಂಡ ಇಲ್ಲ, ಮಕ್ಕಳಿಲ್ಲ, ಎರಡು ಮಿಷನ್ ಇದ್ದವು. ನಲವತ್ತು ವರ್ಷ ಅವುಗಳಿಂದಲೇ ಹೊಟ್ಟೆ ಹೊರೆದವಳು. ಮಾಘ ಮಾಸದಲ್ಲಿ ನರಹರಿ ವಾಸನೆ ಹಿಡಿದು ಅವಳ ಮನೆಗೆ ಹೋಗಿ, ಮಿಷನ್ ಮಾರುತ್ತೀರಾ ಎಂದು ಕೇಳಿದ್ದ.

“ಮಾರೂದಾ? ಮಗಳನ್ನ ಯಾರರ ಮಾರತಾರೇನ್ರಿ?” ಎಂದಿದ್ದಳು ಸುಂದರಾಬಾಯಿ. “ಕೊಡತೀನಿ. ಆದ್ರ ಮಗಳನ್ನ ಕೊಟ್ಟಂಗ ಕೊಡತೀನಿ.”

ಮಾತಿಗೆ ತಕ್ಕಂತೆ ಅವನ ಮನೆತನ ವಿಚಾರಿಸಿದಳು, ಹೆಂಡತಿ ಜಗಳಗಂಟಿಯೇ ಎಂದು ಕೇಳಿದಳು. ಕೊನೆಗೆ ದೊಡ್ಡ ಮಿಷನ್ನಿಗೆ ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ಇಟ್ಟು ಉಡಿ ತುಂಬಿ, ಕಣ್ಣೊರೆಸಿಕೊಂಡು ಕಳಿಸಿದಳು. ನರಹರಿ ಎಲ್ಲದಕ್ಕೂ ಹೂಂಗುಟ್ಟಿದ. ಅವನ ಕಣ್ಣಿದ್ದದ್ದು ಕಪಾಟಿನಲ್ಲಿದ್ದ ಸಣ್ಣ ಮಗಳ ಮೇಲೆ. ಹಂಸದಂತೆ ಕತ್ತು ಬಾಗಿದ, ಬಿಳಿ ಪಿಂಗಾಣಿ ಹಿಡಿಕೆಯ ಅಂಥ ಮಿಷನ್ನನ್ನು ಅವನು ಹೈದರಾಬಾದಿನಲ್ಲೆಲ್ಲೂ ಕಂಡಿರಲಿಲ್ಲ. ಸುಂದರಾಬಾಯಿ ಅದನ್ನು ಗಮನಿಸಿ, “ದೊಡ್ಡಾಕಿ ನಿಮ್ಮ ಮನ್ಯಾಗ ಹೆಂಗ ಬಾಳೇ ಮಾಡತಾಳ ನೋಡತೀನಿ. ಆಮ್ಯಾಲ ಸಣ್ಣಾಕಿದು ಮಾತಾಡೂಣು” ಎಂದಿದ್ದಳು. ಆವತ್ತಿನಿಂದ ನರಹರಿ ನಿದ್ದೆಯಲ್ಲೂ ಸಣ್ಣಾಕಿಯ ಹಿಡಿಕೆ ತಿರುಗಿಸುತ್ತಿದ್ದ.

ದೊಡ್ಡಾಕಿಯ ಬಾಳೇ ಮೂರು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ದಿನ ಕಾಚಿಗುಡದಲ್ಲಿ ಮಿಷನ್ ರಿಪೇರಿ ಮಾಡುವ ಮೊಯಿಜ್ ಭಾಯಿಯ ಅಂಗಡಿಯಲ್ಲಿ, ಮೈತುಂಬ ಮುತ್ತಿನ ಚಿಪ್ಪಿನ ಹೂಬಳ್ಳಿ ಕೂರಿಸಿದ ಜರ್ಮನಿಯ ಮಿಷನ್ ಕಣ್ಣಿಗೆ ಬಿತ್ತು. ಮೊಯಿಜ್ ಭಾಯಿ ದುಡ್ಡಿಗೆ ಕೊಡಲೊಲ್ಲ, ಮಿಷನ್ನಿಗೆ ಮಿಷನ್ ಆದರೆ ಸರಿ ಎಂದ. ಮಾಡಬಾರದಿತ್ತು, ಆದರೆ ನರಹರಿ ಮಾಡಿದ. ದೊಡ್ಡ ಮಗಳನ್ನು ಅಲ್ಲಿ ಬಿಟ್ಟು ಮುತ್ತಿನ ಮಿಷನ್ ಹೊತ್ತುಕೊಂಡು ಮನೆಗೆ ಬಂದ. ಅದಾಗಿ ಎರಡು ತಿಂಗಳಾಗಿತ್ತು, ಈಗ ಹಡೆದವ್ವ ಬರುವವಳಿದ್ದಳು.

ನರಹರಿ ಕಾರ್ಖಾನೆಗೆ ರಜೆ ಹೇಳಿಕಳಿಸಿ ಸ್ಕೂಟರ್ ಹತ್ತಿದ. ಮೊಯಿಜ್ ಭಾಯಿಯ ಕೈಕಾಲು ಹಿಡಿದಾದರೂ ಒಂದು ದಿನದ ಮಟ್ಟಿಗೆ ದೊಡ್ಡಾಕಿಯನ್ನು ಎರವಲು ತರುವುದು ಎಂದು ಲೆಕ್ಕ. ಕಾಚಿಗುಡದಲ್ಲಿ ಅಂಗಡಿಗೆ ಅಂಗೈಯಗಲದ ಬೀಗ ಬಿದ್ದಿತ್ತು. ಪಕ್ಕದ ಚಹಾದ ಹೋಟೆಲಿನವನು, ಇವತ್ತು ಜುಮ್ಮಾ ನಮಾಜು, ಮೂರು ಗಂಟೆಯ ಮೇಲೆ ಆರಾಮಾಗಿ ಬನ್ನಿ ಎಂದು ಕುರ್ಚಿ ತೋರಿಸಿದ. ಮೊಯಿಜ್ ಭಾಯಿಯ ಮನೆ ಎಲ್ಲಿ ಎಂದರೆ ಅವನಿಗೂ ಗೊತ್ತಿರಲಿಲ್ಲ. ಹತ್ತೂಕಾಲಿಗೆ ನರಹರಿ ಬರಿಗೈಯಲ್ಲಿ ವಾಪಸು ಬಂದ.

ಅಷ್ಟರಲ್ಲಿ ಅಮರೇಶಪ್ಪನವರು ಅಂಗಿ ತೊಟ್ಟು ಬಂದು ಪಡಸಾಲೆಯಲ್ಲಿ ಕೂತಿದ್ದರು. ಮೇಲಿನ ಮನೆಯ ಕಮಲಾಕ್ಷಿಯೂ ಇಳಿದು ಬಂದಿದ್ದಳು. ಮೈಸೂರು ಕಡೆಯವಳು, ಕರೆಯದಿದ್ದರೂ ಕಷ್ಟಕ್ಕೆ ಒದಗುವ ಹೆಂಗಸು. ಇಬ್ಬರಿಗೂ ವಿಷಯ ಪೂರ್ತಿ ಗೊತ್ತಾಗಿತ್ತು.

ಶೋಭಾ ಒಂದೇ ಮಾತು ಹೇಳಿದಳು. “ಇದ್ದದ್ದು ಇದ್ದಂಗ ಹೇಳಿ ಕಾಲಿಗೆ ಬಿದ್ದುಬಿಡ್ರಿ.”

“ಸಣ್ಣಾಕಿ ಕೈ ತಪ್ಪತಾಳ,” ಎಂದ ನರಹರಿ.

ಅಮರೇಶಪ್ಪನವರ ತಲೆ ಇಂಥ ಹೊತ್ತಿನಲ್ಲೇ ಓಡುತ್ತಿತ್ತು. ಮುದುಕಿಗೆ ಕಣ್ಣು ಮಂಜು ಇರಲೇಬೇಕು, ಇನ್ನೊಂದು ಮಿಷನ್ನನ್ನೇ ಮಗಳೆಂದು ತೋರಿಸಿದರಾಯಿತು ಎಂದರು. ಇದ್ದ ಐದರಲ್ಲಿ ಒಂದು ಕಾಲಿನಿಂದ ತುಳಿಯುವಂಥದು, ಒಂದು ಹಸಿರು ಬಣ್ಣದ್ದು, ಒಂದಕ್ಕೆ ಚಕ್ರವೇ ಇಲ್ಲ, ಒಂದಕ್ಕೆ ಕರೆಂಟಿನ ಮೋಟರು. ದೊಡ್ಡಾಕಿಯ ಗಾತ್ರಕ್ಕೂ ಮೈಕಟ್ಟಿಗೂ ಹೊಂದುವುದು ಮುತ್ತಿನ ಮಿಷನ್ ಒಂದೇ. ಆದರೆ ಆ ಹೂಬಳ್ಳಿ ಮೈಲಿ ದೂರದಿಂದ ಹೊಳೆಯುತ್ತಿತ್ತು, ದೊಡ್ಡಾಕಿಯೋ ಕಾಗೆಯಷ್ಟು ಕಪ್ಪು.

ಅಮರೇಶಪ್ಪನವರು ಮನೆಗೆ ಹೋಗಿ ಬೂಟ್ ಪಾಲಿಶ್ ತಂದರು. ಅವರು ನಿವೃತ್ತರಾದ ದಿನವೇ ಅದೂ ನಿವೃತ್ತಿಯಾಗಿ ಡಬ್ಬಿಯಲ್ಲಿ ಒಣಗಿ ಬಿರುಕು ಬಿಟ್ಟಿತ್ತು. ಬಿಸಿ ಮಾಡಿ, ಎಣ್ಣೆ ಬೆರೆಸಿ ಹಚ್ಚಿದರೆ ಅರ್ಧ ಮೈಗೆ ಮಾತ್ರ ಸಾಲಿತು. ಉಳಿದರ್ಧಕ್ಕೆ ಕಮಲಾಕ್ಷಿ ತನ್ನ ತವರಿನಿಂದ ತಂದ ಹರಳೆಣ್ಣೆಯ ಕಾಡಿಗೆಯನ್ನು ಕರಡಿಗೆ ಸಮೇತ ಸುರಿದಳು. ಒಂದೊಂದು ಹೂವು ಮುಚ್ಚಿದಾಗಲೂ ನರಹರಿ ಮುಖ ಆಚೆ ತಿರುಗಿಸುತ್ತಿದ್ದ.

“ಕಾಡಿಗೆ ಒಣಗಲ್ಲ, ನೆನಪಿರಲಿ ನರಹರಿಯವರೇ,” ಎಂದಳು ಕಮಲಾಕ್ಷಿ. “ಮುಟ್ಟಿದರೆ ಕೈಗೆ ಬರುತ್ತೆ. ಅವರನ್ನು ಮುಟ್ಟೋಕೆ ಬಿಡಬೇಡಿ.” ಹೀಗೆ ಹೇಳಿ, ಹಿಡಿಕೆಗೆ ನಾಲ್ಕು ಹಸಿರು ಬಳೆ ತೊಡಿಸಿ, ಚಕ್ರಕ್ಕೆ ಮಲ್ಲಿಗೆ ಸುತ್ತಿದಳು. ಶೋಭಾ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ.

ಸುಂದರಾಬಾಯಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದಳು. ಎರಡು ಬಸ್ಸು ಬದಲಿಸಿ ಬಂದಿದ್ದರೂ ದಣಿದಂತೆ ಕಾಣಲಿಲ್ಲ. ಕೈಕಾಲು ತೊಳೆದು, ಶೋಭಾ ಕೊಟ್ಟ ನೀರು ಕುಡಿದು, ಮಿಷನ್ನಿನ ಎದುರು ಚಕ್ಕಳಮಕ್ಕಳ ಹಾಕಿ ಕೂತು ಬಹಳ ಹೊತ್ತು ನೋಡಿದಳು.

“ಭಾಳ ಇಳದಾಳ,” ಎಂದಳು ಕೊನೆಗೆ.

ಕೆಲಸ ಹೆಚ್ಚು, ಈಗಾಗಲೇ ಏಳು ಕೌದಿ ಹೊಲಿದಿದ್ದಾಳೆ ಎಂದು ನರಹರಿ ವರದಿ ಒಪ್ಪಿಸಿದ. ಸುಂದರಾಬಾಯಿ ಮಗಳ ಬೆನ್ನು ಸವರಲು ಕೈ ಚಾಚಿದಳು. ಅಮರೇಶಪ್ಪನವರ ಬಾಯಿಂದ ತಡೆಯುವ ಮೊದಲೇ ಮಾತು ಜಾರಿತು.

“ಮುಟ್ಟಬ್ಯಾಡ್ರಿ ಬಾಯಾರ. ಆಕಿ ಹೊರಗ ಕುಂತಾಳ.”

ಕಮಲಾಕ್ಷಿ ತಲೆ ಚಚ್ಚಿಕೊಂಡಳು. ನರಹರಿಗೆ ನೆಲ ಬಾಯಿಬಿಟ್ಟರೆ ಸಾಕಿತ್ತು. ಸುಂದರಾಬಾಯಿ ಮಾತ್ರ ಚಾಚಿದ ಕೈಯನ್ನು ನಿಧಾನ ಹಿಂದಕ್ಕೆಳೆದುಕೊಂಡಳು.

“ಕೊಟ್ಟು ಐದು ತಿಂಗಳ ಮ್ಯಾಲಾತು,” ಎಂದಳು ಗಂಭೀರವಾಗಿ. “ಇನ್ನೂ ಹೊರಗ ಕುಂದರತಾಳಂದ್ರ ಚಿಂತಿ ಮಾಡೂ ಮಾತ ಐತಿ.”

ಆಮೇಲೆ ನರಹರಿಯ ಕಡೆ ತಿರುಗಿದಳು. ತನಗೆ ವಯಸ್ಸಾಯಿತು, ಕಣ್ಣು ಮೊದಲಿನಂತಿಲ್ಲ, ಹೂವು ಬಳೆಯ ನಡುವೆ ಸರಿಯಾಗಿ ಗುರುತು ಹತ್ತುತ್ತಿಲ್ಲ, ಆದ್ದರಿಂದ ಬಾಯಿಬಿಟ್ಟು ಕೇಳುತ್ತಿದ್ದೇನೆ ಎಂದು ಪೀಠಿಕೆ ಹಾಕಿದಳು.

“ಈಕಿ ನನ್ನ ಮಗಳ ಹೌದಲ್ಲರಿ?”

“ನಿಮ್ಮ ಮಗಳರಿ. ಮತ್ತ್ಯಾರು,” ಎಂದ ನರಹರಿ. ಅವನ ಕಣ್ಣೆದುರು ಬಿಳಿ ಪಿಂಗಾಣಿ ಹಿಡಿಕೆ ತಿರುಗುತ್ತಿತ್ತು.

“ಹಿರೇರದೀರಿ, ನೀವೂ ಹೇಳ್ರಿ,” ಎಂದಳು ಅಮರೇಶಪ್ಪನವರಿಗೆ. ಅವರು ಎದೆ ಮುಟ್ಟಿಕೊಂಡು ಸಾಕ್ಷಿ ಹೇಳಿದರು. ಕಮಲಾಕ್ಷಿಯೂ ತಲೆಯಾಡಿಸಿದಳು.

“ಹಂಗಾರ ಛಲೋ ಆತು. ನಾಡದು ಪಂಚಮಿ. ಮಗಳನ್ನ ತವರಿಗೆ ಕರಕೊಂಡು ಹೋಗಾಕ ಬಂದೀನಿ.”

ನರಹರಿಗೆ ಮಾತು ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಅರ್ಧ ಹೊಲಿದ ಕೌದಿ ಇದೆ ಎಂದ, ಮಳೆಗಾಲದಲ್ಲಿ ಪ್ರಯಾಣ ಒಳ್ಳೆಯದಲ್ಲ ಎಂದ, ಮುಂದಿನ ವರ್ಷ ಖಂಡಿತ ಕಳಿಸುತ್ತೇನೆ ಎಂದ. ಇದು ನಿಮ್ಮ ಮಗಳೇ ಅಲ್ಲ ಎನ್ನುವ ಒಂದು ಮಾತು ಬಿಟ್ಟು ಎಲ್ಲವನ್ನೂ ಹೇಳಿದ. ಸುಂದರಾಬಾಯಿ ಅಮರೇಶಪ್ಪನವರ ಮುಖ ನೋಡಿದಳು. ಅವರಿಗೆ ಆ ಹೊತ್ತಿಗೆ ತಾವು ಯಾರ ಪಾರ್ಟಿ ಎಂಬುದೇ ಮರೆತುಹೋಗಿತ್ತು.

“ಪಂಚಮಿಗೆ ಹೆಣ್ಣಮಕ್ಕಳನ್ನ ಕಳಸದ ಮನಿ ಎಲ್ಲ್ಯಾರ ಐತೇನ್ರಿ ನರಹರಿಯವರ? ಮಂದಿ ಏನಂದಾರು? ಕಳಸ್ರಿ, ಕಳಸ್ರಿ,” ಎಂದರು ಜೋರಾಗಿ. ಕಮಲಾಕ್ಷಿಯೂ, ತಮ್ಮ ಕಡೆ ಗೌರಿ ಹಬ್ಬಕ್ಕೆ ಕಳಿಸುತ್ತಾರೆ, ಆದರೆ ಕಳಿಸದೆ ಮಾತ್ರ ಇರುವುದಿಲ್ಲ ಎಂದು ದನಿಗೂಡಿಸಿದಳು.

ನರಹರಿಯೇ ಹೋಗಿ ಆಟೋ ತಂದ. ಅಷ್ಟು ಹೊತ್ತು ಶೋಭಾ ಮತ್ತು ಸುಂದರಾಬಾಯಿ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದರು. ಶೋಭಾ ಬೆಳಿಗ್ಗೆಯಿಂದ ಮೊದಲ ಬಾರಿಗೆ ನಗುತ್ತಿದ್ದಳು. ಮಿಷನ್ನಿನ ಎದುರು ಅಕ್ಕಿ, ಕೊಬ್ಬರಿ ಇಟ್ಟು ಅವಳೇ ಉಡಿ ತುಂಬಿದಳು. ಭಾರದ ಸಾಮಾನು, ಮುದುಕಿಯಿಂದ ಎತ್ತಲಾಗದು, ಅಳಿಯನಾದವನು ಮುಟ್ಟಿಸಿ ಬರಬೇಕು ಎಂದು ಅಮರೇಶಪ್ಪನವರು ತೀರ್ಪು ಕೊಟ್ಟರು. ಕೂಕಟ್‌ಪಲ್ಲಿಯಿಂದ ದಿಲ್‌ಸುಖ್‌ನಗರದವರೆಗೆ ನರಹರಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಪ್ರತಿ ಗುಂಡಿಗೂ ಒಂದಿಷ್ಟು ಕಾಡಿಗೆ ಅವನ ಬಿಳಿ ಅಂಗಿಗೆ ಇಳಿಯಿತು. ದಾರಿಯುದ್ದಕ್ಕೂ ಅವನು ತನಗೆ ತಾನೇ ಒಂದೇ ಸಮಾಧಾನ ಹೇಳಿಕೊಳ್ಳುತ್ತಿದ್ದ: ಹಬ್ಬ ಕಳೆದ ಮೇಲೆ ತರಲು ಹೋಗುವುದು ಇದ್ದೇ ಇದೆ, ಆಗ ಸಣ್ಣಾಕಿಯನ್ನೂ ಜೊತೆಗೆ ಕಳಿಸಿಕೊಡಿ ಎಂದು ಕೇಳುವುದು.

ಸುಂದರಾಬಾಯಿ ಬೀಗ ತೆಗೆದು, ಒಳಗೆ ಬರ್ರಿ ಎಂದಳು. ನರಹರಿ ಮಿಷನ್ ಎದೆಗವಚಿಕೊಂಡು ಒಳಗೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟ. ಕಿಟಕಿಯ ಪಕ್ಕದ ಮೇಜಿನ ಮೇಲೆ, ಅರ್ಧ ಹೊಲಿದ ಕೌದಿಯೊಂದನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕಪ್ಪಗೆ ದೊಡ್ಡಾಕಿ ಕೂತಿದ್ದಳು.

“ಆಕಿ ಬಾಜೂಕ ಇಡ್ರಿ,” ಎಂದಳು ಸುಂದರಾಬಾಯಿ. “ಎರಡು ತಿಂಗಳಾತು ಬಂದು. ಮೊಯಿಜ್ ಭಾಯಿ ಮೂವತ್ತು ವರ್ಷದಿಂದ ಈಕಿಗೆ ಎಣ್ಣಿ ಹಾಕ್ಯಾನ, ಅವಗ ಗುರುತ ಹತ್ತಂಗಿಲ್ಲೇನು? ಅವತ್ತ ಸಂಜೀಕ ತಂದು ಬಿಟ್ಟು ಹೋದ. ಗಂಡನ ಮನಿ ಬಿಟ್ಟು ಬಂದಾಳಂತ ನಾ ಯಾರಿಗೂ ಹೇಳಿಲ್ಲ. ನೀವೂ ಹೇಳಬ್ಯಾಡ್ರಿ.”

ನರಹರಿ ಮುತ್ತಿನ ಮಿಷನ್ನನ್ನು ಇಟ್ಟ. ಸುಂದರಾಬಾಯಿ ಸೀಮೆಎಣ್ಣೆಯಲ್ಲಿ ಅರಿವೆ ಅದ್ದಿ ಅದರ ಬೆನ್ನು ಒರೆಸಿದಳು. ಕಾಡಿಗೆ ಕರಗಿ ಒಂದೊಂದೇ ಹೂವು ಹೊರಗೆ ಬಂತು.

“ಇಷ್ಟು ಚೆಲುವಿ ಮಾರಿಗೆ ಮಸಿ ಯಾಕ ಬಳದ್ರಿ?” ಎಂದು ಬಹಳ ಮರುಕದಿಂದ ಕೇಳಿದಳು. ಅವಳು ಕಪಾಟಿನಿಂದ ಡಬ್ಬಿ ತೆಗೆದು ಪಂಚಮಿಗೆ ಕಟ್ಟಿದ ಶೇಂಗಾ ಉಂಡಿ ಎರಡನ್ನು ಬಸಿಯಲ್ಲಿಟ್ಟು ಕೊಟ್ಟಳು. ಡಬ್ಬಿಯ ಪಕ್ಕದಲ್ಲೇ ಸಣ್ಣಾಕಿ ಹಂಸದ ಕತ್ತು ಬಾಗಿಸಿ ಕೂತಿದ್ದಳು. ಅಳಿಯ ಆ ಕಡೆ ನೋಡುವುದರೊಳಗೆ ಕಪಾಟಿನ ಬಾಗಿಲು ಮುಚ್ಚಿತು.

ನರಹರಿ ಧೈರ್ಯ ಕೂಡಿಸಿಕೊಂಡು, ಮುತ್ತಿನ ಮಿಷನ್ ಕರೆದೊಯ್ಯಲು ಯಾವಾಗ ಬರಲಿ ಎಂದು ಕೇಳಿದ.

“ನನ್ನ ಮಗಳಂತ ನಾಕು ಮಂದ್ಯಾಗ ನೀವ ಹೇಳೀರಿ,” ಎಂದಳು ಸುಂದರಾಬಾಯಿ. “ಮೊದಲನೆ ಸರ್ತಿ ತವರಿಗೆ ಬಂದಾಳ. ಇರಲಿ ನಾಕು ದಿನ, ಅವಸರೇನೈತಿ. ನೀವು ಉಂಡಿ ತಿನ್ರಿ.”

ನರಹರಿ ಉಂಡಿ ಮುರಿದು ಬಾಯಿಗಿಟ್ಟುಕೊಂಡ.

“ಮತ್ತ ನಿಮ್ಮ ಮನಿಯಾಕಿ ಹೇಳಿದಳು. ಇನ್ನ ನಾಕು ಅದಾವಂತಲ್ಲ ಮನ್ಯಾಗ? ಒಂದೂ ತವರ ಕಂಡಿಲ್ಲಂತ, ಪಾಪ. ಗೌರಿ ಹುಣ್ಣಿವಿಗೆ ನಾನ ಬಂದು ನಾಕನ್ನೂ ಕರಕೊಂಡು ಬರತೀನಿ. ಉಡಿ ತುಂಬೂದು ತಾ ನೋಡಕೋತೀನಿ ಅಂದಾಳ ಶೋಭಾ. ನೀವು ಆಟೋದಾಗ ಕೂಡಿಸಿ ಕೊಟ್ರ ಸಾಕು.”

ನರಹರಿ ಬಾಯಲ್ಲಿದ್ದ ಉಂಡಿಯನ್ನು ಕಷ್ಟಪಟ್ಟು ನುಂಗಿ, ಹೂಂ ರಿ ಎಂದ.