ಪ್ರಳಯವಾದ ಮೇಲೆ ಬೀರೂರಿನಲ್ಲಿ ಟೀ

ಪ್ರಪಂಚವನ್ನು ಹಾಳು ಮಾಡುವುದು ಅಂಥ ದೊಡ್ಡ ಕೆಲಸವೇನಲ್ಲ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಕೂತರೆ ಸಂಜೆಯ ಕಾಫಿ ಹೊತ್ತಿಗೆ ಮುಗಿಸಿಬಿಡಬಹುದು. ನಾನು ಮುಗಿಸಿದ್ದೇನೆ. ಕರೆಂಟು ತೆಗೆದೆ, ಫೋನು ತೆಗೆದೆ, ಸರ್ಕಾರ ತೆಗೆದೆ, ಹೆದ್ದಾರಿಯ ಮೇಲೆ ಜಾಲಿ ಬೆಳೆಸಿದೆ. ಕಷ್ಟವೆಲ್ಲ ಇರುವುದು ಆಮೇಲೆ. ಉಳಿದವರು ಏನು ತಿನ್ನುತ್ತಾರೆ, ಎಲ್ಲಿ ಮಲಗುತ್ತಾರೆ, ಯಾರ ಮಾತು ಕೇಳುತ್ತಾರೆ ಎಂದು ಯೋಚಿಸುತ್ತಾ ಹೋದರೆ, ದೇವರಂಥ ದೇವರು ಈ ಕೆಲಸಕ್ಕೆ ಯಾಕೆ ಮತ್ತೆ ಮತ್ತೆ ಕೈ ಹಾಕುತ್ತಾನೋ ಎಂದು ಆಶ್ಚರ್ಯವಾಗುತ್ತದೆ. ಕಡೂರು ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡು, ಬಂದವರಿಗೆಲ್ಲ 'ಇದು ಕಾಣುತ್ತಾ, ಈಗ ಕಾಣುತ್ತಾ' ಎಂದು ಕೇಳುತ್ತಲೇ ಐವತ್ತು ದಾಟಿದ ನನಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ಕೇಳಬೇಕಾದ ಮಾತೇ.

ಎಲ್ಲ ಶುರುವಾದದ್ದು ಚೌಕಾಬಾರದಿಂದ. ನನ್ನ ಹೆಂಡತಿ ಗಿರಿಜಾಗೆ ಅದರ ಹುಚ್ಚು. ಒಂದು ಸಲ ಮೊಬೈಲಿನಲ್ಲಿ ಏನೋ ಒತ್ತಿ, ಒಳ್ಳೆಯ ಮರದ ಮಣೆಯ ಚೌಕಾಬಾರ ತರಿಸುತ್ತಿದ್ದೇನೆ ಎಂದುಕೊಂಡು ಬೇರೆ ಯಾವುದೋ ಆಟ ತರಿಸಿಬಿಟ್ಟಳು. ಡಬ್ಬಿ ಬಿಚ್ಚಿದರೆ ಮಣೆಯೂ ಇಲ್ಲ, ಕಾಯಿಯೂ ಇಲ್ಲ. ಎಂಟು ಮುಖ, ಇಪ್ಪತ್ತು ಮುಖದ ಥರಾವರಿ ದಾಳಗಳು, ಜೊತೆಗೆ ದಪ್ಪನೆಯ ಇಂಗ್ಲಿಷ್ ಪುಸ್ತಕ. ಆಕೆ ಬಿಡುವವಳಲ್ಲ, ಕೂತು ಅಷ್ಟನ್ನೂ ಓದಿದಳು. ಪ್ರಪಂಚ ಮುಳುಗಿಹೋಗಿದೆ, ಎಲ್ಲೋ ನಾಲ್ಕು ಜನ ಉಳಿದಿದ್ದಾರೆ. ಆ ಪ್ರಪಂಚವನ್ನು ಒಬ್ಬರು ಮನಸ್ಸಿನಲ್ಲೇ ಕಟ್ಟಬೇಕು, ಮಿಕ್ಕವರು ಒಂದೊಂದು ಪಾತ್ರವಾಗಿ ಅದರೊಳಗೆ ಓಡಾಡಬೇಕು. 'ನಾನು ಆ ಬಾಗಿಲು ತೆಗೀತೀನಿ' ಎಂದು ಆಡುವವರು ಹೇಳಿದರೆ, ಬಾಗಿಲ ಹಿಂದೆ ಏನಿದೆ ಎಂದು ಕಟ್ಟಿದವರು ಹೇಳಬೇಕು. ಅನುಮಾನ ಬಂದ ಕಡೆ ದಾಳ ಹಾಕಬೇಕು. ಇಷ್ಟೇ ಆಟ. 'ದುಡ್ಡು ತಗೊಂಡು ನಮ್ಮ ಕೈಲೇ ಎಲ್ಲಾ ಮಾಡಿಸ್ತಾರಲ್ರೀ' ಎಂದು ನಕ್ಕು ಗಿರಿಜಾ ಡಬ್ಬಿಯನ್ನು ಅಟ್ಟಕ್ಕೆ ಹಾಕಿದಳು. ಆ ಮೇಲೆ ಒಂದು ಮಳೆಗಾಲ ಆಕೆಗೆ ಕಾಯಿಲೆಯಾಯಿತು, ಮುಂದಿನ ಮಳೆಗಾಲಕ್ಕೆ ಆಕೆ ಇರಲಿಲ್ಲ. ಆಕೆ ಹೋದ ಮೇಲೆ ಅಟ್ಟದಿಂದ ಆ ಡಬ್ಬಿ ಇಳಿಸಿದವನು ನಾನು.

ಭಾನುವಾರ ಅಂಗಡಿಗೆ ರಜೆ. ಬೇರೆ ದಿನ ಹೇಗೋ ಕಳೆಯುತ್ತದೆ, ಆ ಒಂದು ಮಧ್ಯಾಹ್ನ ಮಾತ್ರ ಏನು ಮಾಡಿದರೂ ಕಳೆಯುತ್ತಿರಲಿಲ್ಲ. ಅದಕ್ಕೇ ಇಬ್ಬರನ್ನು ಕಾಡಿ ಬೇಡಿ ಒಪ್ಪಿಸಿದೆ. ಒಬ್ಬ ಗಿರಿಜಾಳ ತಮ್ಮ ರಂಗಸ್ವಾಮಿ, ಅಜ್ಜಂಪುರದಲ್ಲಿ ಈರುಳ್ಳಿ ಬೆಳೆಯುವವನು. ಇನ್ನೊಬ್ಬಳು ಗಿರಿಜಾಳ ಗೆಳತಿ ಸರೋಜ, ತರೀಕೆರೆಯಲ್ಲಿ ನರ್ಸು. ನನ್ನ ಮುಖ ನೋಡಲಾರದೆ ಒಪ್ಪಿಕೊಂಡರು ಎಂದು ಕಾಣುತ್ತದೆ. ಪುಸ್ತಕದಲ್ಲಿದ್ದ ಪ್ರಪಂಚ ಮಾತ್ರ ನಮಗೆ ಹೊಂದಲಿಲ್ಲ. ಅಲ್ಲಿ ಆಕಾಶ ಮುಟ್ಟುವ ಕಟ್ಟಡಗಳು ಕುಸಿದು ಬೀಳುತ್ತವೆ. ಕಡೂರಿನಲ್ಲಿ ಕುಸಿಯುವುದಕ್ಕೆ ಅಂಥ ಎತ್ತರದ್ದು ಏನಿದೆ, ಒಂದು ನೀರಿನ ಟ್ಯಾಂಕು ಬಿಟ್ಟರೆ? ಹಾಗಾಗಿ ಸಿಂಗಟಗೆರೆಯಿಂದ ಲಿಂಗದಹಳ್ಳಿಯವರೆಗೆ ನಮ್ಮದೇ ಸೀಮೆಯಲ್ಲಿ ನಾನೇ ಪ್ರಳಯ ಮಾಡಿದೆ. ಒಂದು ಭಯಂಕರ ಜ್ವರ ಹುಟ್ಟಿಸಿದ್ದೆ. ಸರೋಜ ಅದರ ಲಕ್ಷಣಗಳನ್ನು ಕೇಳಿ, ಅಂಥಾ ಜ್ವರ ಇರೋದೇ ಇಲ್ಲ, ಮಾತ್ರೆ ಕೊಟ್ಟರೆ ಬೆಳಿಗ್ಗೆ ಎದ್ದು ಓಡಾಡ್ತಾರೆ ಎಂದಳು. ಕೊನೆಗೆ 'ಏನೋ ಒಂದು ಆಯಿತು' ಎಂದು ರಾಜಿಯಾದೆವು.

ಇದರಲ್ಲಿ ಒಂದು ಗುಟ್ಟಿದೆ. ಅವರಿಬ್ಬರಿಗೂ ಹೇಳದೆ ನಾನು ಆ ಪ್ರಪಂಚದಲ್ಲಿ ಗಿರಿಜಾಳನ್ನು ಉಳಿಸಿಕೊಂಡಿದ್ದೆ. ಬೀರೂರು ಜಂಕ್ಷನ್ನಿನಲ್ಲಿ ಆಕೆಗೊಂದು ಟೀ ಒಲೆ ಹಾಕಿಕೊಟ್ಟಿದ್ದೆ. ತವರಿಗೆ ಹೋಗುವಾಗ ಬರುವಾಗ ಆಕೆ ಅಲ್ಲಿ ರೈಲು ಕಾಯುತ್ತಾ, ಊರೂರಿನ ಸ್ಟೇಷನ್ ಟೀಗಳನ್ನೆಲ್ಲ ಸೇರಿಸಿ ಬೈಯುತ್ತಿದ್ದಳು. ನನಗೊಂದು ಒಲೆ, ಎರಡು ಲೋಟ ಕೊಟ್ಟು ಈ ಪ್ಲಾಟ್‌ಫಾರಂ ಮೇಲೆ ಕೂರಿಸಿ, ಟೀ ಅಂದ್ರೆ ಏನು ಅಂತ ತೋರಿಸ್ತೀನಿ ಅನ್ನುತ್ತಿದ್ದಳು. ಬದುಕಿದ್ದಾಗ ಅದನ್ನು ತಮಾಷೆ ಅಂದುಕೊಂಡಿದ್ದೆವು. ಈಗ ಪ್ರಪಂಚವೇ ನನ್ನದು, ಒಂದು ಒಲೆ ಯಾವ ಲೆಕ್ಕ? ಆಡುವವರು ಬೀರೂರಿಗೆ ಬರುತ್ತಾರೆ, ಆಕೆಯನ್ನು ಮಾತಾಡಿಸುತ್ತಾರೆ, ದಾರಿಯಲ್ಲಿ ಸಿಗುವವರ ಮಾತನ್ನೆಲ್ಲ ಕಟ್ಟಿದವನೇ ಆಡಬೇಕಾದ್ದರಿಂದ ಆಕೆಯ ಮಾತು ನನ್ನ ಬಾಯಲ್ಲಿ ಬರುತ್ತದೆ. ಹುಚ್ಚು ಅನ್ನಿ. ನನಗೆ ಆಕೆಯ ಮಾತು ಕೇಳಬೇಕಾಗಿತ್ತು, ಅದನ್ನು ಆಡುವವನು ನಾನೇ ಆದರೂ ಪರವಾಗಿಲ್ಲ ಅನ್ನಿಸಿತ್ತು. ಗಿರಾಕಿ ಇಲ್ಲದಾಗ ಅಂಗಡಿಯ ಕನ್ನಡಿಯ ಮುಂದೆ ನಿಂತು ಆಕೆ ಟೀಯನ್ನು ಬೈಯುವ ಮಾತುಗಳನ್ನು ಹೇಳಿಕೊಳ್ಳುತ್ತಿದ್ದೆ. ಕಡೂರಿನಿಂದ ಬೀರೂರಿಗೆ ಎಷ್ಟು ದೂರ, ಮಾತಾಡುತ್ತಾ ನಡೆದರೆ ಮಾತು ಮುಗಿಯುವುದರೊಳಗೆ ಊರು ಬರುತ್ತದೆ. ಮೊದಲ ಭಾನುವಾರವೇ ಭೇಟಿ ಎಂದುಕೊಂಡಿದ್ದೆ.

ಮೊದಲ ಭಾನುವಾರ ಅವರು ಕಡೂರು ಬಿಟ್ಟು ಕದಲಲಿಲ್ಲ. ನಾನು ಗಂಭೀರವಾಗಿ, ಎಲ್ಲರೂ ಸತ್ತಿದ್ದಾರೆ, ನೀವಿಬ್ಬರೇ ಉಳಿದಿದ್ದೀರಿ, ಈಗ ಏನು ಮಾಡುತ್ತೀರಿ ಎಂದು ಕೇಳಿದೆ. "ಎಲ್ರೂ ಅಂದ್ರೆ ನಮ್ಮ ದಾಯಾದಿಗಳೂ ಹೋದ್ರು ಅಂತಾಯ್ತಲ್ಲ ಭಾವ. ಹಂಗಾದ್ರೆ ನಮಗೆ ಸೂತಕ. ಸೂತಕದಲ್ಲಿ ಪಯಣ ಹೊರಡೋದು ಹೆಂಗೆ?" ಎಂದ ರಂಗ. ಆಯಿತಪ್ಪ, ಹನ್ನೊಂದು ದಿನ ಕಳೆಯಿತು ಎಂದು ಬಾಯಲ್ಲೇ ಕಳೆದುಬಿಟ್ಟೆ. ಅಷ್ಟಕ್ಕೆ ಸರೋಜ, ಎಲ್ಲರೂ ಒಂದೇ ದಿನ ಹೋದರಾ ಎಂದು ಕೇಳಿದಳು. ಕೇಳುವುದಕ್ಕೆ ಘೋರವಾಗಿರಲಿ ಎಂದು, ಜನ ತಿಂಗಳುಗಟ್ಟಲೆ ಒಬ್ಬೊಬ್ಬರಾಗಿ ಸತ್ತರು ಎಂದು ಮೊದಲೇ ಹೇಳಿಬಿಟ್ಟಿದ್ದೆ. ಸರಿ, ಒಬ್ಬರ ಸೂತಕ ಕಳೆಯುವುದರೊಳಗೆ ಇನ್ನೊಬ್ಬರದ್ದು. ಗಂಡನ ಮನೆ ಕಡೆಯವರಿಗೆ ಎಷ್ಟು ದಿನ, ತವರಿನವರಿಗೆ ಎಷ್ಟು ದಿನ ಎಂದು ಸರೋಜ ಬೆರಳು ಮಡಿಸುತ್ತಾ ಕೂತಳು. ಪುಸ್ತಕದಲ್ಲಿ ಈ ವಿಷಯಕ್ಕೆ ಯಾವ ನಿಯಮವೂ ಇರಲಿಲ್ಲ. ಬರೆದವರಿಗೆ ದಾಯಾದಿಗಳು ಕಡಿಮೆ ಅಂತ ಕಾಣುತ್ತದೆ.

ಆಮೇಲಿನ ಭಾನುವಾರ ಸೂತಕ ಕಳೆದು ಊರ ಹೊರಗಿನ ತೆಂಗಿನ ತೋಟದವರೆಗೆ ಬಂದರು. ಹಸಿವಾಗಿದೆ, ಕಾಯಿ ಬಿದ್ದಿವೆ, ಎತ್ತಿಕೊಳ್ಳಬಾರದೇ? ಕಂಡವರ ತೋಟದ ಕಾಯಿ ಮುಟ್ಟುವುದಿಲ್ಲ ಎಂದು ರಂಗ ಹಟ ಹಿಡಿದ. ಯಜಮಾನ ಸತ್ತಿದ್ದಾನೆ ಕಣೋ ಎಂದರೆ, ಖಾತೆ ಯಾರ ಹೆಸರಿಗೆ ಬಂದಿದೆ ಎಂದು ಕೇಳಿದ. ಖಾತೆ ಬದಲಾಯಿಸುವ ಕಚೇರಿಯನ್ನೇ ನಾನು ಪ್ರಳಯದಲ್ಲಿ ತೆಗೆದುಹಾಕಿದ್ದೆ. ಆ ಮಧ್ಯಾಹ್ನವೂ ಹೋಯಿತು. ಬರೀ ಕಾಯುತ್ತಾ ಕೂತರೆ ಆಗುವುದಿಲ್ಲ ಎಂದು ಬೀರೂರಿನ ಕಡೆಗೆ ಆಸೆ ಹುಟ್ಟಿಸಲು ನೋಡಿದೆ. ದೂರದಲ್ಲಿ ಜಂಕ್ಷನ್ ಕಡೆಯಿಂದ ಹೊಗೆ ಏಳುತ್ತಿದೆ ಎಂದೆ. ಹೊಗೆ ಕಂಡ ಕಡೆ ಜನ ಇರುತ್ತಾರೆ, ಜನ ಇದ್ದ ಕಡೆ ತಾಪತ್ರಯ, ಆ ಕಡೆ ಬೇಡ ಎಂದು ಇಬ್ಬರೂ ಸಿಂಗಟಗೆರೆಯ ದಾರಿ ಹಿಡಿದರು. ಅದು ತದ್ವಿರುದ್ಧ ದಿಕ್ಕು. ಸಿಂಗಟಗೆರೆಯಲ್ಲಿ ನಾನು ಏನನ್ನೂ ಕಟ್ಟಿರಲಿಲ್ಲ, ಕೂತಲ್ಲೇ ಒಂದು ಕೆರೆ, ಒಬ್ಬ ಮುದುಕ, ಒಂದು ಕುಂಟು ಮೇಕೆ ಹುಟ್ಟಿಸಬೇಕಾಯಿತು. ಮೇಕೆಯ ಕಾಲಿಗೆ ಪಟ್ಟಿ ಕಟ್ಟುವುದರಲ್ಲಿ ಸರೋಜ ಇನ್ನೊಂದು ವಾರ ತೆಗೆದಳು. ಆ ಮುದುಕನ ಬಾಯಲ್ಲಿ, ಬೀರೂರಿನಲ್ಲಿ ಟೀ ಸಿಗುತ್ತದಂತೆ ಎಂದು ಹೇಳಿಸಿದೆ. ಪ್ರಳಯದಲ್ಲಿ ಹಾಲು ಎಲ್ಲಿಂದ ಬಂತು, ಮುದುಕ ಸುಳ್ಳ ಎಂದು ರಂಗ ತೀರ್ಮಾನಿಸಿದ.

ನಗುತ್ತಿದ್ದೆ, ನಿಜ. ಆದರೆ ಅವರು ಹೋದ ಮೇಲೆ ಲೋಟಗಳನ್ನು ತೊಳೆಯುವಾಗ ಮನಸ್ಸು ಚುರ್ ಎನ್ನುತ್ತಿತ್ತು. ಈ ವಾರವೂ ಆಕೆಯ ಒಲೆಯ ಹತ್ತಿರ ಯಾರೂ ಹೋಗಲಿಲ್ಲವಲ್ಲ ಎಂದು. ಇಲ್ಲದ ಊರು, ಇಲ್ಲದ ಒಲೆ, ಇಲ್ಲದ ಹೆಂಗಸು. ಆದರೂ ಅಲ್ಲಿ ಟೀ ಆರಿಹೋಗುತ್ತಿದೆ ಎಂದು ಸಂಕಟಪಡುತ್ತಿದ್ದೆ. ಬಾಯಿಬಿಟ್ಟು ಹೇಳಬಹುದಿತ್ತು. ಹೇಳಿದರೆ ಪಾಪ ಅಂದುಕೊಂಡು ಬರುತ್ತಿದ್ದರು. ಪಾಪ ಅಂದುಕೊಂಡು ಬಂದವರಿಗೆ ಗಿರಿಜಾ ಟೀ ಕೊಡುವವಳಲ್ಲ.

ಅಷ್ಟರಲ್ಲಿ ರಂಗನಿಗೆ ಅಜ್ಜಂಪುರದ ನೆನಪಾಯಿತು. ಪ್ರಳಯ ಆದಾಗ ಹೊಲದಲ್ಲಿ ಈರುಳ್ಳಿ ಇತ್ತಾ ಎಂದು ಕೇಳಿದ. ಇತ್ತು ಎಂದು ಬಾಯಿತಪ್ಪಿ ಹೇಳಿದೆ. ತಗೊಳ್ಳಿ, ಇನ್ನು ಅವನನ್ನು ಹಿಡಿಯುವವರು ಯಾರು? ಅಜ್ಜಂಪುರಕ್ಕೆ ಹೋಗುವ ರಸ್ತೆ ಬೀರೂರಿನ ಮೇಲೆಯೇ ಹೋಗುತ್ತದಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದೆ. ರಸ್ತೆಯಲ್ಲಿ ಜಾಲಿ ಬೆಳೆದಿದೆ ಅಂತ ನೀವೇ ಹೇಳಿದೀರಲ್ಲ ಎಂದು ಅವರು ಹೊಲದ ಬದು ಹಿಡಿದು, ಬೀರೂರನ್ನು ಬಳಸಿಕೊಂಡು ಹೋಗಿಬಿಟ್ಟರು. ಅಜ್ಜಂಪುರದಲ್ಲಿ ಈರುಳ್ಳಿ ಕಿತ್ತರು. ಕಾಡು ಬಿದ್ದಿದ್ದ ಅಮೃತಮಹಲ್ ಎತ್ತುಗಳನ್ನು ಪಳಗಿಸಿ ಗಾಡಿಗೆ ಕಟ್ಟಿದರು. ಎರಡು ಪಾತ್ರಗಳಿಗೆ ಒಂದು ಹೊಲದ ಈರುಳ್ಳಿ ಯಾಕೆ ಎಂದು ಕೇಳಿದರೆ, ಬೆಳೆದದ್ದು ಕೊಳೀಬಾರದು ಭಾವ, ಅಷ್ಟೇ ಎಂದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ಸಿಟ್ಟಿನಲ್ಲಿ, ಮೋಡ ಕಟ್ಟಿದೆ, ಜಡಿಮಳೆ ಹಿಡಿದಿದೆ ಎಂದುಬಿಟ್ಟೆ.

ರಂಗನ ಮುಖ ನಿಜವಾಗಿಯೂ ಕಪ್ಪಿಟ್ಟಿತು. ಈರುಳ್ಳಿಗೆ ಮೇಲೆ ನೆರಳಿರಬೇಕು, ಸುತ್ತ ಗಾಳಿ ಆಡಬೇಕು, ನಾಲ್ಕು ಗೋಡೆಯ ಮನೆಯಲ್ಲಿ ಪೇರಿಸಿದರೆ ಬೆಂದುಹೋಗುತ್ತದೆ. ಇಬ್ಬರೂ ತಲೆ ಸೇರಿಸಿ ಗುಸುಗುಸು ಮಾತಾಡಿಕೊಂಡರು. ಮೇಲೆ ಸೂರು, ಎರಡೂ ಕಡೆ ಬಯಲು, ಅಷ್ಟುದ್ದದ ನೆಲ, ಅಂಥ ಜಾಗ ಈ ಸೀಮೆಗೆಲ್ಲ ಒಂದೇ ಎಂದು ಸರೋಜ ಹೇಳಿದಳು. ನಾನು ಹೊಗೆ ಎಬ್ಬಿಸಿ, ಮುದುಕನ ಕೈಲಿ ಹೇಳಿಸಿ, ತಿಂಗಳುಗಟ್ಟಲೆ ತಿಣುಕಿದರೂ ಬಾರದವರು ಈರುಳ್ಳಿ ಒಣಗಿಸುವುದಕ್ಕೆ ಬೀರೂರು ಪ್ಲಾಟ್‌ಫಾರಂಗೆ ಗಾಡಿ ಹೊಡೆದುಕೊಂಡು ಬಂದರು.

"ಅಲ್ಲಿ ಯಾರಾದ್ರೂ ಇದಾರಾ ಭಾವ?" ಎಂದು ರಂಗ ಕೇಳಿದ.

ಒಬ್ಬ ಹೆಂಗಸಿದ್ದಾಳೆ, ಒಲೆಯ ಮುಂದೆ ಕೂತು ಟೀ ಕಾಯಿಸುತ್ತಿದ್ದಾಳೆ ಎಂದೆ. ಹೆಸರು ಕೇಳಿದರು. ಗಿರಿಜಾ ಎಂದೆ.

ರಂಗ ಕೈಯಲ್ಲಿದ್ದ ದಾಳವನ್ನು ನೋಡುತ್ತಾ ಕೂತ. ಸರೋಜ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಆಮೇಲೆ ನನ್ನನ್ನು ನೋಡದೆ, ಮೇಜಿನ ಮಧ್ಯಕ್ಕೆ ನೋಡುತ್ತಾ ಕೇಳಿದಳು.

"ಹೆಂಗಿದೀಯೇ ಗಿರಿಜಾ?"

ಕನ್ನಡಿಯ ಮುಂದೆ ಕಲಿತದ್ದೆಲ್ಲ ಮರೆತುಹೋಯಿತು. "ಇದೀನಿ ಕಣೇ" ಎಂದೆ. ನನ್ನದೇ ಒಡಕು ದನಿ. ಅಕ್ಕ, ನಂಗೂ ಒಂದು ಲೋಟ ಕೊಡು ಎಂದು ರಂಗ ಮೆಲ್ಲಗೆ ಹೇಳಿದ. ಆಗ ನಾನು ಯೋಚನೆಯನ್ನೇ ಮಾಡಿರದ ಮಾತು ನನ್ನ ಬಾಯಿಂದ ಬಂತು: "ಮೊದ್ಲು ಕೈ ತೊಳ್ಕೊಂಡು ಬಾರೋ, ಈರುಳ್ಳಿ ನಾತ." ಅದು ಆಕೆಯೇ. ಆಣೆ ಮಾಡಿ ಹೇಳುತ್ತೇನೆ, ಅದು ಆಕೆಯೇ. ರಂಗ ತನ್ನ ಕೈಗಳನ್ನು ಮೂಸಿ ನೋಡಿಕೊಂಡ. ಎಲ್ಲರೂ ನಕ್ಕೆವು, ಅಳುವುದಕ್ಕಿಂತ ಅದು ಸುಲಭವಾಗಿತ್ತು.

ಸರೋಜ ಬಿಡಲಿಲ್ಲ. "ಒಬ್ಳೇ ಕೂತಿದೀಯಲ್ಲೇ. ನಿಮ್ಮನೆಯೋರು ಎಲ್ಲಿ?"

ಯಾವ ಬಾವಿಯಲ್ಲಿ ನೀರಿದೆ, ಯಾವ ಸೇತುವೆ ಮುರಿದಿದೆ, ಯಾರು ಉಳಿದರು, ಯಾರು ಹೋದರು ಎಂದೆಲ್ಲ ಗೊತ್ತು ಮಾಡಿದವನು ನನ್ನನ್ನು ಎಲ್ಲಿಯೂ ಇಟ್ಟಿರಲಿಲ್ಲ. ಕಟ್ಟಿದವನಿಗೆ ಆ ಆಟದಲ್ಲಿ ತನ್ನದು ಅಂತ ಪಾತ್ರವಿಲ್ಲ. ಆಕೆಯಿಲ್ಲದ ಪ್ರಪಂಚ ಸಾಕಾಗಿ ನಾನು ಇನ್ನೊಂದು ಕಟ್ಟಿದ್ದೆ, ಅದರಲ್ಲಿ ನಾನೇ ಇರಲಿಲ್ಲ. ಇಷ್ಟು ತಿಂಗಳೂ ಆಕೆ ಅಲ್ಲಿ ಒಬ್ಬಳೇ.

"ಗೊತ್ತಿಲ್ಲ ಕಣೇ" ಎಂದೆ. "ಬಂದೇ ಇಲ್ಲ."

ರಂಗ ಒಂದು ಖಾಲಿ ಹಾಳೆಯನ್ನೂ ದಾಳಗಳನ್ನೂ ನನ್ನ ಕಡೆಗೆ ತಳ್ಳಿದ. ನಿಯಮಗಿಯಮ ಆಮೇಲೆ ನೋಡೋಣ, ಮೊದಲು ನೀವು ಹುಟ್ಟಿ ಭಾವ ಎಂದ. ಹೊಸ ಪಾತ್ರಕ್ಕೆ ಶಕ್ತಿ ಎಷ್ಟು, ಧೈರ್ಯ ಎಷ್ಟು, ಬುದ್ಧಿ ಎಷ್ಟು ಎಂದು ಒಂದೊಂದಕ್ಕೂ ದಾಳ ಹಾಕಬೇಕು. ಹಾಕಿದೆ. ಶಕ್ತಿ ಮೇಕೆಗಿಂತ ಕಡಿಮೆ ಬಿತ್ತು. ಧೈರ್ಯ ಅದಕ್ಕಿಂತ ಕಡಿಮೆ. ಬುದ್ಧಿಯ ವಿಷಯ ಬಿಡಿ. ಸರೋಜ ಹಾಳೆಯನ್ನು ಎತ್ತಿ ಮೇಲಿಂದ ಕೆಳಗೆ ಓದಿ, ಕಣ್ಣು ಒರೆಸಿಕೊಂಡು ನಕ್ಕಳು.

"ಸಾಕು ಬಿಡಿ ಅಣ್ಣ. ನೋಡಿದ ತಕ್ಷಣ ಗುರುತು ಹಿಡೀತಾಳೆ."

ಅಷ್ಟು ಕಡಿಮೆ ಬಿದ್ದವರು ಎಲ್ಲವನ್ನೂ ಮತ್ತೊಂದು ಸಲ ಹಾಕಬಹುದು ಎಂದು ಪುಸ್ತಕದಲ್ಲಿದೆ. ಕಡೂರಿನಿಂದ ಬೀರೂರಿನವರೆಗಾದರೂ ನಡೆಯುವಷ್ಟು ಶಕ್ತಿ ಬೇಡವೇ ಎಂದು ರಂಗ ದಾಳ ಆರಿಸಿ ಮತ್ತೆ ನನ್ನ ಕೈಗಿಟ್ಟ. ನಾನು ಹಾಕಲಿಲ್ಲ. ಎಲ್ಲ ಚೆನ್ನಾಗಿ ಬಿದ್ದು, ಶೂರನೂ ಜಾಣನೂ ಆಗಿ ಆಕೆಯ ಮುಂದೆ ಹೋಗಿ ನಿಂತಾಗ, ನೀವ್ಯಾರು ಎಂದು ಕೇಳಿಬಿಟ್ಟರೆ ಏನು ಮಾಡಲಿ?