ಸವತಿಯ ಸದ್ದು

ಬೆಳಿಗ್ಗೆ ಕಚೇರಿಯ ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಹಳೆಯ ರೂಟರು ಒಮ್ಮೆ ಬಿಕ್ಕಳಿಸಿ ನಿಂತುಬಿಟ್ಟಿತು. ಅದರ ಜೊತೆಗೇ ಊರಿನ ಇಂಟರ್‌ನೆಟ್ಟು ಸತ್ತಿತು. ಕಚೇರಿಯ ಎರಡು ಫೋನುಗಳು ಹಸಿದ ಅವಳಿ ಕೂಸುಗಳ ಹಾಗೆ, ಒಂದನ್ನು ಸುಮ್ಮನಿರಿಸಿದರೆ ಇನ್ನೊಂದು ಬಾಯಿ ತೆರೆಯುತ್ತಿತ್ತು.

ತಟ್ಟಿ, ತಡವಿ, ತಂತಿ ಕಿತ್ತು ಮತ್ತೆ ಚುಚ್ಚಿ ಅದಕ್ಕೆ ಜೀವ ಬರಿಸಿದವನು ರೂಟ್ರಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಆದರೆ ಅದು ಈಗ ಯಾರ ಬಾಯಲ್ಲೂ ಇರಲಿಲ್ಲ. ಮನೆಮನೆಗೆ ಇಂಟರ್‌ನೆಟ್ಟು ಕೊಡುವ ಪುಟ್ಟ ಕಂಪನಿ ಅದು. ಹೊರಗಿನ ಪ್ರಪಂಚದಿಂದ ಬಂದದ್ದೆಲ್ಲ ಆ ಒಂದು ಡಬ್ಬದೊಳಗೆ ಹೊಕ್ಕು, ಯಾವುದು ಯಾರ ಮನೆಗೆ ಎಂದು ದಾರಿ ಕೇಳಿಕೊಂಡೇ ಹೋಗಬೇಕು. ಡಬ್ಬ ಮಲಗಿದರೆ ಊರು ಮಲಗಿದಂತೆ. ಹಾಗಾಗಿ ರೂಟ್ರಣ್ಣನ ಊಟ ಅದರ ಪಕ್ಕ, ನಿದ್ದೆ ಅದರ ಪಕ್ಕ, ಆಯುಷ್ಯದ ಮುಕ್ಕಾಲು ಭಾಗವೂ ಅದರ ಪಕ್ಕದಲ್ಲೇ ಕಳೆದಿತ್ತು.

ಅವನ ಹೆಂಡತಿ ಆ ರೂಟರಿಗೆ "ನನ್ನ ಸವತಿ" ಎಂದೇ ಹೆಸರಿಟ್ಟಿದ್ದಳು. ಸಂಜೆಯಾದರೆ ಫೋನು. "ಏನ್ರೀ, ಸವತಿ ಬಿಟ್ಟುಕೊಡ್ತಾಳಾ, ಇವತ್ತೂ ಅಲ್ಲೇನಾ?" "ಐದೇ ನಿಮಿಷ ಕಣೇ, ಹೊರಟೆ" ಎನ್ನುವನು ಇವನು. ಆ ಐದು ನಿಮಿಷಕ್ಕೆ ಕೊನೆಯೇ ಇರುತ್ತಿರಲಿಲ್ಲ. ಮಾತಾಡುವಷ್ಟು ಹೊತ್ತೂ ಹಿನ್ನೆಲೆಯಲ್ಲಿ ಟಕ್... ಟಕ್... ಟರ್... ಎಂದು ರೂಟರು ಕುಂಟುತ್ತಾ ಸದ್ದು ಮಾಡುತ್ತಿತ್ತು.

ರೂಟರಿನ ಮೈ ಕಾಯತೊಡಗಿದ ಬೇಸಗೆಯಲ್ಲಿ ಅವಳೇ ಮನೆಯ ಟೇಬಲ್ ಫ್ಯಾನನ್ನು ಎತ್ತಿ ಅವನ ಕೈಗೆ ಕೊಟ್ಟಿದ್ದಳು. "ತಗೊಂಡ್ಹೋಗಿ, ಸವತಿಗೆ ಗಾಳಿ ಹಾಕಿ. ನನಗೆ ಕಿಟಕಿ ಇದೆ." ಅಂದಿನಿಂದ ಆ ಫ್ಯಾನು ರೂಟರಿನ ಬೆನ್ನ ಹಿಂದೆ, ಅದರದೇ ಸ್ವಿಚ್ಚಿನಲ್ಲಿ, ಹಗಲೂ ರಾತ್ರಿ ತಿರುಗುತ್ತಲೇ ಇತ್ತು.

ಹೋದ ವರ್ಷ ಅವಳು ತೀರಿಕೊಂಡಳು. ಸಂಜೆಯ ಫೋನು ನಿಂತುಹೋಯಿತು. ಆದರೆ ಎಲ್ಲರೂ ಮನೆಗೆ ಹೋದ ಮೇಲೆ ರೂಟ್ರಣ್ಣ ಕಣ್ಣು ಮುಚ್ಚಿ ಕೂತರೆ, ಟಕ್ ಟಕ್ ಟರ್, ಇನ್ನೇನು "ಏನ್ರೀ" ಅಂದೇಬಿಟ್ಟಳು ಎನ್ನಿಸುತ್ತಿತ್ತು. ಆ ಸದ್ದಿನ ಆಸರೆಯಲ್ಲೇ ಅವನು ಒಂದು ವರ್ಷ ನೂಕಿದ್ದ. ಮನೆಗೆ ಹೋಗುವುದೆಂದರೆ ಅವನಿಗೆ ಹೆದರಿಕೆ.

"ನೋಡಯ್ಯಾ," ಎಂದರು ಮಾಲೀಕರು, ಬೈಗುಳ ತಿಂದು ಕೆಂಪಾದ ಕಿವಿಯನ್ನು ಉಜ್ಜಿಕೊಳ್ಳುತ್ತಾ. "ಸಾಕಾಯ್ತು ಈ ಮುದಿ ಡಬ್ಬದ ಸೇವೆ. ಇವತ್ತು ಹೊತ್ತು ಮುಳುಗೋದ್ರೊಳಗೆ ಹೊಸ ರೂಟರ್ ಯಾವ್ದು ಅಂತ ನೀನೇ ಆರಿಸು. ಇಲ್ದಿದ್ರೆ ನನ್ನ ಬಾಮೈದ ತಂದಿರೋದನ್ನೇ ಕೂರಿಸ್ತೀನಿ. ಮನೇಲಾದ್ರೂ ನೆಮ್ಮದಿ ಸಿಗುತ್ತೆ."

"ಆಗ್ಲಿ ಸಾರ್. ಹಳೇದನ್ನ ನಾನು ಮನೆಗೆ ತಗೊಂಡು ಹೋಗ್ಲಾ?"

"ಏನ್ಮಾಡ್ತೀಯಾ ಅದನ್ನ?"

"ಇರ್ಲಿ ಅಂತ ಸಾರ್."

ಮಾಲೀಕರು ಅವನ ಮುಖ ನೋಡಿ, "ಮೊದಲು ಹೊಸದು ಬರ್ಲಿ, ಆಮೇಲೆ ನೋಡೋಣ" ಎಂದು ಮತ್ತೆ ಫೋನೆತ್ತಿದರು.

ಬಾಮೈದನ ಡಬ್ಬ ಆಗಲೇ ಮೇಜಿನ ಮೇಲೆ ಕೂತು ಕೆಂಪು ನೀಲಿ ಹಸಿರು ದೀಪ ಮಿಣುಕಿಸುತ್ತಿತ್ತು. ಬಾಮೈದ ಅದರ ನೆತ್ತಿ ಸವರಿದ. "ಭಾವಾ, ಇದು ಆಲ್ ಇನ್ ಒನ್. ರೂಟರೂ ಇದೇ, ಕಂಪ್ಯೂಟರೂ ಇದೇ. ಬೇಜಾರಾದ್ರೆ ಸಿನಿಮಾನೂ ನೋಡ್ಬಹುದು."

"ಪ್ರಪಂಚದಲ್ಲಿರೋ ದಾರಿಯೆಲ್ಲಾ ಇದು ನೆನಪಿಟ್ಕೋಬೇಕು," ಎಂದ ರೂಟ್ರಣ್ಣ. "ಲಕ್ಷಗಟ್ಟಲೆ ಇದೆ. ಇದರ ಮೆಮೊರಿಗೆ ಅಷ್ಟು ತಡ್ಕೊಳ್ಳೋ ಶಕ್ತಿ ಇಲ್ಲ."

"ಪ್ರಪಂಚದ ದಾರಿಯೆಲ್ಲಾ ಯಾಕ್ರೀ? ನಮ್ಮೂರಿನೋರು ನೋಡೋದು ಅದೇ ಎರಡು ಮೂರು ಕಡೆ ತಾನೆ?"

ಮಾಲೀಕರಿಗೆ ಈ ವಾದ ಬಹಳ ಹಿಡಿಸಿತು. ಪರೀಕ್ಷೆಗೆಂದು ಒಂದು ಬೀದಿಯನ್ನು ಆ ಡಬ್ಬಕ್ಕೆ ಬದಲಾಯಿಸಿ, ಪ್ರಪಂಚದ ದಾರಿಗಳನ್ನೆಲ್ಲ ಅದಕ್ಕೆ ಕಲಿಸತೊಡಗಿದರು. ಪರೀಕ್ಷೆಯ ಹಿಂದಿನ ದಿನ ಪುಸ್ತಕ ತೆರೆದ ಹುಡುಗನ ಹಾಗೆ ಅದು ಸ್ವಲ್ಪ ಹೊತ್ತು ಎಲ್ಲವನ್ನೂ ಗಬಗಬನೆ ನುಂಗಿತು. ಆಮೇಲೆ ದೀಪಗಳೆಲ್ಲ ಒಟ್ಟಿಗೆ ಕೆಂಪಾದವು, ಸುಟ್ಟ ವಾಸನೆ ಬಂತು, ಉಸಿರು ನಿಂತಿತು. ಬದಲಾಯಿಸಿದ ಬೀದಿ ಮಾಲೀಕರ ಮನೆಯದ್ದೇ ಆಗಿತ್ತು. ಬಾಮೈದನ ಫೋನಿಗೆ ಅವನ ಅಕ್ಕ ಸಾಕ್ಷಾತ್ ಬಂದಳು. "ನಾನು ನೋಡ್ತಾ ಇದ್ದಿದ್ದು ಅರ್ಧಕ್ಕೇ ನಿಂತೋಯ್ತು ಕಣೋ! ಯಾವ ಕೆಲಸಕ್ಕೆ ಬಾರದೋನು ಏನ್ ಮಾಡಿದ್ನೋ ಅಲ್ಲಿ?" ಬಾಮೈದ ಫೋನು ಕಿವಿಯಿಂದ ದೂರ ಹಿಡಿದುಕೊಂಡು, "ಯಾರೋ ಗೊತ್ತಿಲ್ಲ ಅಕ್ಕಾ" ಎಂದ.

ಮಧ್ಯಾಹ್ನ ಸೇಲ್ಸ್‌ನವನು ಬಂದ. ಕುತ್ತಿಗೆಗೆ ಟೈ, ಬಾಯಲ್ಲಿ ಜೇನು. ಕಾರಿನಿಂದ ಇಳಿಸಿ ತಂದ ಯಂತ್ರವನ್ನು ರೂಟ್ರಣ್ಣ ಹಸು ಕೊಳ್ಳುವವನ ಹಾಗೆ ಸುತ್ತಲೂ ತಿರುಗಿ ನೋಡಿದ. ಕರೆಂಟಿಗೆ ಎರಡು ಪವರ್ ಸಪ್ಲೈ, ಒಂದು ಹೋದರೆ ಇನ್ನೊಂದು ಹೊರುತ್ತದೆ. ಪ್ರಪಂಚದ ದಾರಿಗಳು ದುಪ್ಪಟ್ಟಾದರೂ ಹಿಡಿಸುವಷ್ಟು ಮೆಮೊರಿ. ಓಡುತ್ತಿರುವಾಗಲೇ ಫ್ಯಾನು ಬಿಚ್ಚಿ ಬದಲಾಯಿಸಬಹುದು. ಒಳ್ಳೆಯದನ್ನು ಒಳ್ಳೆಯದಲ್ಲ ಎನ್ನಲು ರೂಟ್ರಣ್ಣನ ನಾಲಿಗೆ ಏಳುತ್ತಿರಲಿಲ್ಲ.

"ಇದೇ ಸಾರ್," ಎಂದ. "ಕಣ್ಣು ಮುಚ್ಚಿ ತಗೊಳ್ಳಿ."

"ಇನ್ನೊಂದು ಸಿಹಿ ಸುದ್ದಿ ಸಾರ್," ಸೇಲ್ಸ್‌ನವನು ಟೈ ಸರಿಮಾಡಿಕೊಂಡ. "ಹಳೇ ರೂಟರ್ ನಮಗೆ ಕೊಟ್ರೆ ಭಾರಿ ರಿಯಾಯ್ತಿ. ನಾವು ಅದನ್ನ ತಗೊಂಡು ಹೋಗಿ ಪುಡಿ ಮಾಡಿಸ್ತೀವಿ."

"ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು ಅಂದ್ರೆ ಇದೇ ಕಣಯ್ಯಾ!" ಮಾಲೀಕರು ಮೇಜು ಕುಟ್ಟಿದರು.

ರೂಟ್ರಣ್ಣ ಹಳೆಯ ರೂಟರಿಗೆ ಅಡ್ಡ ಬಂದು ನಿಂತ. "ಸಾರ್... ಈ ಯಂತ್ರ ಸ್ವಲ್ಪ ಉದ್ದ ಜಾಸ್ತಿ ಆಯ್ತೇನೋ."

"ಈಗ ತಾನೆ ಕಣ್ಣು ಮುಚ್ಚಿ ತಗೊಳ್ಳಿ ಅಂದೆ!"

"ಬಣ್ಣನೂ ಒಂಥರಾ ಇದೆ ಸಾರ್."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಮೂಲೆಯಿಂದ ಬಾಮೈದ ಸೇರಿಸಿದ. ಬೆಳಗಿನಿಂದ ಅವನು ಇಂಥದ್ದೊಂದು ಅವಕಾಶಕ್ಕೇ ಕಾದಿದ್ದ.

ರೂಟ್ರಣ್ಣನಿಗೆ ಉಳಿದ ದಾರಿ ಒಂದೇ, ಲೆಕ್ಕದಮ್ಮ. ಕಂಪನಿಯ ಲೆಕ್ಕ ಬರೆಯುವ ಆಕೆ ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಗೂಡಿನಲ್ಲಿ ಕೂತು, ಫೈಲಿನಿಂದ ಗಾಳಿ ಬೀಸಿಕೊಳ್ಳುತ್ತಾ ಮಾಲೀಕರನ್ನೂ ಗದರಿಸಬಲ್ಲವಳು. ಅವಳ ಮುಂದೆ ನಿಂತು ಎಲ್ಲ ಹೇಳಲು ಹೊರಟ ರೂಟ್ರಣ್ಣ, "ಅದರ ಸದ್ದು ಕೇಳಿದ್ರೆ ನಮ್ಮನೆಯೋಳು ಪಕ್ಕದಲ್ಲಿದ್ದ ಹಾಗೆ ಮೇಡಂ" ಎನ್ನುವಷ್ಟರಲ್ಲಿ ಕಣ್ಣೀರು ಬಂದೇಬಿಟ್ಟಿತು.

ಲೆಕ್ಕದಮ್ಮನ ಕೈಯಲ್ಲಿದ್ದ ಫೈಲು ನಿಂತಿತು. "ಅಯ್ಯೋ, ಗಂಡಸಾಗಿ ಹೀಗೆ ಅಳೋದಾ? ಕೂತ್ಕೊಳ್ಳಿ. ನಾನು ಸರಿಮಾಡ್ತೀನಿ." ಸ್ವಲ್ಪ ತಡೆದು ಆಕೆ, "ಹೊಸದು ಬಂದ್ಮೇಲೆ ಹಿಂದಿರೋ ಟೇಬಲ್ ಫ್ಯಾನ್ ನಿಮಗೆ ಬೇಕಾಗಲ್ಲ ಅಲ್ವಾ? ಇಲ್ಲಿ ನಾನು ಬೆಂದು ಹೋಗ್ತಿದೀನಿ" ಎಂದಳು.

"ಆ ಧೂಳಿನ ಮುದ್ದೇನಾ? ಧಾರಾಳವಾಗಿ ತಗೊಳ್ಳಿ ಮೇಡಂ!" ಆ ದಿನ ಮೊದಲ ಸಲ ರೂಟ್ರಣ್ಣ ನಕ್ಕ.

ಲೆಕ್ಕದಮ್ಮ ಮೆಟ್ಟಿಲು ಹತ್ತಿ ಮಾಲೀಕರ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಳು. "ಹಳೇ ರೂಟರ್ ನಮ್ಮ ಲೆಕ್ಕದಲ್ಲಿ ಎಂದೋ ಸತ್ತಿದೆ ಸಾರ್. ಗುಜರಿ ಅಂತ ಬರೆದಾಗಿದೆ. ಸತ್ತಿದ್ದನ್ನ ಈಗ ಎಬ್ಬಿಸಿ ಎಕ್ಸ್‌ಚೇಂಜ್ ಕೊಟ್ರೆ ಆಡಿಟರ್‌ಗೆ ಉತ್ತರ ನೀವೇ ಹೇಳ್ಬೇಕು."

ಆಡಿಟರ್ ಎಂಬ ಶಬ್ದಕ್ಕೆ ಮಾಲೀಕರು ಮೆತ್ತಗಾದರು. ವ್ಯಾಪಾರ ಕೈತಪ್ಪುವುದನ್ನು ಕಂಡ ಸೇಲ್ಸ್‌ನವನು, "ಅದೇ ಆಗ್ಬೇಕು ಅಂತಿಲ್ಲ ಸಾರ್. ರೂಟರ್ ಅಂತ ಯಾವ್ದಾದ್ರೂ ಒಂದು ಡಬ್ಬ ಕೊಟ್ರೂ ನಡೆಯುತ್ತೆ" ಎಂದ.

ಎಲ್ಲರ ಕಣ್ಣೂ ಒಟ್ಟಿಗೆ ಮೇಜಿನ ಮೇಲಿದ್ದ ಸುಟ್ಟ ವಾಸನೆಯ ಡಬ್ಬದತ್ತ ತಿರುಗಿದವು.

"ಭಾವಾ!" ಎಂದು ಬಾಮೈದ ಕಿರುಚಿದ. ಕೇಳುವವರು ಯಾರೂ ಇರಲಿಲ್ಲ.

ಹೊಸ ಯಂತ್ರವನ್ನು ರೂಟ್ರಣ್ಣನೇ ಕೂರಿಸಿದ. ಒಂದೊಂದೇ ತಂತಿ ಬದಲಾಯಿಸಿದ, ಊರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಹಳೆಯದರ ಸ್ವಿಚ್ಚು ಆರಿಸಿದ. ಟಕ್... ಟಕ್... ಟರ್... ಸದ್ದು ಕ್ಷೀಣವಾಗಿ ನಿಂತುಹೋಯಿತು. ಇನ್ನೂ ಬಿಸಿಯಿದ್ದ ಅದರ ಮೈ ಮೇಲೆ ಕೈಯಿಟ್ಟು, "ನಡಿ, ಮನೆಗೆ ಹೋಗೋಣ" ಎಂದ. ಲೆಕ್ಕದಮ್ಮ ಫ್ಯಾನನ್ನು ಕಂಕುಳಲ್ಲಿ ಇರುಕಿಕೊಂಡು ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು.

ಎಷ್ಟೋ ಕಾಲದ ಮೇಲೆ ರೂಟ್ರಣ್ಣ ಬೆಳಕಿರುವಾಗಲೇ ಮನೆ ಸೇರಿದ. ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತುವಾಗ ಪಕ್ಕದ ಮನೆಯ ಅಜ್ಜಿ ಬಾಗಿಲಿಗೆ ಬಂದಳು.

"ಏನಪ್ಪಾ ಅದು, ಅಷ್ಟು ಭಾರ?"

"ನಮ್ಮನೆಯೋಳ ಸವತಿ ಅಜ್ಜಿ. ಕೊನೆಗೂ ಮನೆ ತುಂಬಿಸ್ಕೋತಾ ಇದೀನಿ."

ಹೆಂಡತಿ ಕೂರುತ್ತಿದ್ದ ಕುರ್ಚಿಯ ಮೇಲೆ, ಅವಳ ಫೋಟೋದ ಎದುರಿಗೆ ರೂಟರನ್ನು ಇಟ್ಟ. ವೈರು ಚುಚ್ಚಿದ, ಕಣ್ಣು ಮುಚ್ಚಿ ಸ್ವಿಚ್ಚು ಒತ್ತಿದ. ಕಾದ. ಕಣ್ಣು ಬಿಟ್ಟು ನೋಡಿದರೆ ದೀಪಗಳು ಉರಿಯುತ್ತಿದ್ದವು, ಸದ್ದು ಮಾತ್ರ ಇಲ್ಲ. ಕಿವಿ ಅಂಟಿಸಿದ. ಮುಚ್ಚಳ ಬಿಚ್ಚಿದ. ಒಳಗಿನ ಫ್ಯಾನುಗಳೆರಡೂ ಧೂಳು ಹಿಡಿದು ಕಲ್ಲಾಗಿದ್ದವು, ಸತ್ತು ಯಾವ ಕಾಲವಾಗಿತ್ತೋ.

"ಸದ್ದು ಬರ್ತಿಲ್ಲ ಅಜ್ಜಿ," ಹಿಂದೆಯೇ ಬಂದು ನಿಂತಿದ್ದ ಅಜ್ಜಿಗೆ ಅವನು ಮಗುವಿನ ಹಾಗೆ ದೂರು ಹೇಳಿದ. "ಟಕ್ ಟಕ್ ಟರ್ ಅಂತ ಬರ್ಬೇಕು. ಅವಳು ಫೋನ್ ಮಾಡ್ದಾಗೆಲ್ಲಾ ಬರ್ತಿತ್ತು."

"ಅದು ನಿಮ್ಮನೆ ಟೇಬಲ್ ಫ್ಯಾನ್ ಸದ್ದಲ್ವೇನೋ?" ಎಂದಳು ಅಜ್ಜಿ. "ನಿನ್ನ ಕೈಗೆ ಕೊಟ್ಟು ಕಳಿಸೋವರೆಗೂ ಗೋಡೆ ಆಚೆ ನನಗೂ ಕೇಳಿಸ್ತಿತ್ತಲ್ಲಾ. ಅದನ್ನ ಹಾಕ್ಕೊಂಡು ನಿನ್ನ ದಾರಿ ಕಾಯ್ತಾ ಕೂತಿರೋಳು ಪಾಪ. ರಿಪೇರಿ ಮಾಡ್ಸೇ ಅಂದ್ರೆ, ‘ಬೇಡ ಅಜ್ಜಿ, ಮನೇಲಿ ನನ್ನ ಜೊತೆ ಮಾತಾಡೋದು ಅದೊಂದೇ’ ಅನ್ನೋಳು. ಅಷ್ಟು ವರ್ಷ ತಿರುಗಿದೆ, ನಿನಗೆ ಗೊತ್ತಿಲ್ವಾ?"

ಅವನಿಗೆ ಗೊತ್ತಿರಲಿಲ್ಲ. ಗೊತ್ತಾಗಬೇಕಾದರೆ ಮನೆಯಲ್ಲಿ ಇರಬೇಕಿತ್ತು. ಯಾವ ಬೀದಿಯ ತಂತಿ ಕಡಿದಿದೆ ಎಂದು ಕೂತಲ್ಲೇ ಹೇಳುತ್ತಿದ್ದವನಿಗೆ, ತನ್ನ ಮನೆಯ ಫ್ಯಾನಿನ ಸದ್ದು ಯಾವುದೆಂದು ಪಕ್ಕದ ಮನೆಯವರು ಹೇಳಬೇಕಾಯಿತು. ನಾಚಿಕೆಯೂ ದುಃಖವೂ ಒಟ್ಟಿಗೆ ನುಗ್ಗಿ ಬಂದವು. ಮುಚ್ಚಳ ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟುವುದನ್ನೂ ಮರೆತು ಕಚೇರಿಗೆ ಓಡಿದ.

ಲೆಕ್ಕದಮ್ಮ ಇನ್ನೂ ಹೊರಟಿರಲಿಲ್ಲ. ಗೂಡಿನಲ್ಲಿ ಕೂದಲು ಹಾರಿಸಿಕೊಂಡು ರಾಣಿಯ ಹಾಗೆ ಕೂತಿದ್ದಳು. ಎದುರಿಗೆ ಫ್ಯಾನು, ಧೂಳೆಲ್ಲ ಹೋಗಿ ಥಳಥಳ ಹೊಳೆಯುತ್ತಾ ತಿರುಗುತ್ತಿತ್ತು.

"ಬನ್ನಿ ಬನ್ನಿ! ನೋಡಿ, ಹೆಂಗಿದೆ ನಿಮ್ಮ ಫ್ಯಾನು? ಒಂದೇ ಸಮ ಟಕಟಕ ಅಂತಿತ್ತು, ತಲೆನೋವು ಬಂತು. ಮೂಲೆ ಅಂಗಡಿ ರಿಪೇರಿಯೋನಿಗೆ ಕೊಟ್ಟೆ, ಕೂತಿದ್ದ ಹಾಗೇ ಮಾಡ್ಕೊಟ್ಟ. ಒಳಗೆ ಬುಷ್ ಅಂತ ಒಂದು ಬಳೆ ಸವೆದಿತ್ತಂತೆ, ಹೊಸದು ಹಾಕ್ದ. ಈಗ ನೋಡಿ, ಇದೆಯೋ ಇಲ್ವೋ ಅಂತಾನೇ ಗೊತ್ತಾಗಲ್ಲ!"

ರೂಟ್ರಣ್ಣ ಫ್ಯಾನಿನ ಹತ್ತಿರ ಹೋಗಿ ಬಗ್ಗಿದ. ತಣ್ಣನೆಯ ಗಾಳಿ ಮುಖಕ್ಕೆ ಬಂತು, ಸದ್ದೇ ಇರಲಿಲ್ಲ.

"ಹಳೇ ಬುಷ್ ಎಲ್ಲಿ ಮೇಡಂ?"

"ಅದ್ಯಾಕೆ? ಬಿಸಾಕಿದ. ಅಂಗಡಿ ಮುಂದೆ ಚರಂಡಿ ಇದೆಯಲ್ಲಾ." ಆಕೆ ಅವನ ಬರಿಗಾಲನ್ನೂ ಮುಖವನ್ನೂ ನೋಡಿದಳು. "ಯಾಕ್ರೀ, ಏನಾಯ್ತು? ಫ್ಯಾನ್ ವಾಪಸ್ ಬೇಕಿತ್ತಾ?"

"ಇಲ್ಲ ಮೇಡಂ. ಚೆನ್ನಾಗಿ ಮಾಡ್ಸಿದೀರಿ. ಇಟ್ಕೊಳ್ಳಿ."

ಮೇಲಿನಿಂದ ಮಾಲೀಕರು ಮೆಟ್ಟಿಲಿಗೆ ಬಗ್ಗಿ ಹುರುಪಿನಿಂದ ಕೂಗಿದರು. "ಯಾರು, ರೂಟ್ರಣ್ಣನಾ? ಯಾಕಯ್ಯಾ ವಾಪಸ್ ಬಂದೆ? ಎಂಥಾ ಯಂತ್ರ ಆರಿಸಿದೀಯೋ, ಒಂದೂ ಫೋನ್ ಬಂದಿಲ್ಲ! ಇನ್ಮೇಲೆ ಇದನ್ನ ಯಾರೂ ಕಾಯೋದು ಬೇಡ. ಸಂಜೆ ಆಗ್ತಿದ್ದ ಹಾಗೆ ಮನೆಗೆ ಹೋಗ್ಬಿಡು, ತಿಳೀತಾ?"

"ಹೂಂ ಸಾರ್," ಎಂದ ರೂಟ್ರಣ್ಣ. "ಐದೇ ನಿಮಿಷ, ಹೊರಟೆ."

ಅಂದವನು ಹೊರಡಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ಬರಿಗಾಲಲ್ಲಿ ಕೂತು, ತಿರುಗುವ ಫ್ಯಾನನ್ನು ನೋಡುತ್ತಲೇ ಇದ್ದ.