ಹವಾಲ್ದಾರ್ ಮಾವನ ಸೂಜಿ

ನಮ್ಮ ಸೋದರಮಾವ ಹದಿನೇಳು ವರ್ಷ ಗಡಿಯಲ್ಲಿ ಬಂದೂಕು ಹಿಡಿದು ನಿಂತಿದ್ದಾಗ ಶತ್ರುಗಳು ಅವರಿಗೆ ಹೆದರುತ್ತಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ. ಆದರೆ ಸೈನ್ಯ ಬಿಟ್ಟು ಬಂದು ಕೈಯಲ್ಲಿ ಸಿರಿಂಜು ಹಿಡಿದ ಮೇಲೆ ಚಿಕ್ಕಬಾಣಾವರದಿಂದ ಪೀಣ್ಯದವರೆಗೆ ಅವರಿಗೆ ಹೆದರದವರು ಯಾರೂ ಉಳಿಯಲಿಲ್ಲ. ಮೊದಲನೆಯ ಪುಕ್ಕಲ ನಾನೇ.

ತೊಂಬತ್ತರ ದಶಕದ ಆರಂಭದ ಮಾತು. ಮಿಲಿಟರಿಯಿಂದ ಬಂದವರು ಯಾವುದಾದರೂ ಕಾರ್ಖಾನೆಯ ಗೇಟಿನಲ್ಲಿ ಸೆಕ್ಯೂರಿಟಿಯಾಗಿ ನಿಲ್ಲುವುದು ಆಗಿನ ವಾಡಿಕೆ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಹಾಜರಿ ಬರೆಯುವ ಗುಮಾಸ್ತ. ನಮ್ಮ ಗೇಟಿನಲ್ಲೇ ಜಾಗ ಖಾಲಿಯಿದೆ ಎಂದು ಮಾವನಿಗೆ ಉತ್ಸಾಹದಿಂದ ಹೇಳಿದೆ.

“ಕಾದಿದ್ದು ಸಾಕು ಕಣೋ,” ಅಂದರು. “ನರ್ಸಿಂಗ್ ಕಲೀತೀನಿ.”

ರೊಟ್ಟಿ ತಟ್ಟುತ್ತಿದ್ದ ಅಮ್ಮನ ಕೈ ನಿಂತಿತು. “ನರ್ಸಾ? ಅದು ಹೆಣ್ಮಕ್ಕಳ ಕೆಲಸ ಕಣೋ.”

“ಹೆಣ್ಮಕ್ಕಳೇ ಮಾಡ್ತಾರೆ ಅಂದ್ಮೇಲೆ ನನಗೇನಕ್ಕ ಭಯ?”

ಹಾಗೆ ನಲವತ್ತೊಂದನೆಯ ವಯಸ್ಸಿನಲ್ಲಿ, ಎರಡೂ ಕಡೆ ತಿರುವಿದ ಮೀಸೆಯೊಂದಿಗೆ, ಹದಿನೆಂಟರ ಹುಡುಗಿಯರ ನಡುವೆ ಹೋಗಿ ಬೆಂಚಿನ ಮೇಲೆ ಕೂತರು. ಪಾಠ ಹೇಳುವಾಕೆ ಮೊದಲ ದಿನ ಹಾಜರಿ ಕೂಗಿದಾಗ ಮಾವ ಎದ್ದು ನಿಂತು “ಯೆಸ್ ಮೇಡಂ” ಅಂದ ಗರ್ಜನೆಗೆ ಆಕೆಯ ಕೈಯಿಂದ ಪುಸ್ತಕ ಬಿತ್ತಂತೆ. ಆಮೇಲೆ ಆಕೆ ಮಾವನ ಹೆಸರನ್ನು ಕೂಗುತ್ತಲೇ ಇರಲಿಲ್ಲ; ಸುಮ್ಮನೆ ನೋಡಿ ಗುರುತು ಹಾಕಿಕೊಳ್ಳುತ್ತಿದ್ದರು.

ಅಭ್ಯಾಸ ಮಾತ್ರ ನಮ್ಮ ಮನೆಯಲ್ಲಿ. ಮೊದಲು ಬದನೆಕಾಯಿಗೆ ಚುಚ್ಚಿದರು. ಆ ವಾರ ಅಮ್ಮ ಎಣ್ಣೆಗಾಯಿ ಮಾಡಲಿಲ್ಲ. ಆಮೇಲೆ ದಿಂಬು. ದಿಂಬಾದ ಮೇಲೆ ಅವರ ಕಣ್ಣು ನನ್ನ ತೋಳಿನ ಮೇಲೆ ಬಿತ್ತು. ಅಂದಿನಿಂದ ಮುಂಬಾಗಿಲಲ್ಲಿ ಅವರ ಬೂಟಿನ ಸದ್ದು ಕೇಳಿದರೆ ನಾನು ಹಿತ್ತಿಲ ಬಾಗಿಲಿನಿಂದ ಹೊರಗೆ. ಓಡಲಾಗದ ಅಪ್ಪ ಸಿಕ್ಕಿಬೀಳುತ್ತಿದ್ದರು. ಅವರ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿ, “ಭಾವ, ಜಾಸ್ತಿ ಇದೆ,” ಎಂದು ಮಾವ ಹುಬ್ಬು ಗಂಟಿಕ್ಕಿದರೆ, “ನೀನು ಹೋದ್ಮೇಲೆ ನೋಡಯ್ಯ, ಇಳಿದಿರುತ್ತೆ,” ಎನ್ನುತ್ತಿದ್ದರು ಅಪ್ಪ.

ಕಲಿಕೆ ಮುಗಿಯಿತು. ಪೀಣ್ಯ ಎರಡನೇ ಹಂತದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಕೆಲಸ ಸಿಕ್ಕಿತು. ಸುತ್ತಲೂ ಲೇತು, ಪ್ರೆಸ್ಸು, ಗ್ರೈಂಡರುಗಳ ಶೆಡ್ಡುಗಳು. ದಿನ ಬೆಳಗಾದರೆ ಕೈ ಕುಯ್ದುಕೊಂಡವರು, ಕಣ್ಣಿಗೆ ಲೋಹದ ಪುಡಿ ಬಿದ್ದವರು. ಮಾವ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, “ಎಡತೋಳು. ಮೇಲೆ. ಉಸಿರು ಒಳಗೆ,” ಎಂದು ಆಜ್ಞೆ ಕೊಡುತ್ತಿದ್ದರು. ಸಾಲಿನ ಕೊನೆಯಲ್ಲಿದ್ದವನ ಜ್ವರ ಅಷ್ಟಕ್ಕೇ ಬಿಡುತ್ತಿತ್ತು ಎಂದು ನಮ್ಮ ಕಡೆ ಪ್ರತೀತಿ.

ನಮ್ಮ ಫೋರ್‌ಮನ್ ಕೂಗಿದರೆ ಇಡೀ ಶೆಡ್ಡು ನಡುಗುತ್ತಿತ್ತು. ಒಮ್ಮೆ ತಗಡು ತಾಗಿ ಟಿಟಿ ಸೂಜಿಗೆಂದು ಹೋದ ಆ ಮಹಾಶಯ, ಪರದೆಯ ಹಿಂದಿನಿಂದ ಮಾವನ ದನಿ ಕೇಳಿದ್ದೇ ಮೆಲ್ಲಗೆ ಹೊರಗೆ ಜಾರಿ ಎದುರಿಗೆ ನಿಂತಿದ್ದ ಸಿಟಿ ಬಸ್ಸು ಹತ್ತಿಬಿಟ್ಟರು. ಮಾವ ಬಿಡುತ್ತಾರೆಯೇ? ಹಿಂದೆಯೇ ಓಡಿ ಹತ್ತಿದರು.

“ಟಿಕೆಟ್ ಸಾರ್?” ಅಂದ ಕಂಡಕ್ಟರ್.

“ಟಿಕೆಟ್ ಬೇಡ. ಪೇಷಂಟ್ ಬೇಕು.”

ಆ ಮೀಸೆ, ಆ ಬಿಳಿ ಕೋಟು ನೋಡಿದ ಕಂಡಕ್ಟರ್ ತಾನೇ ಸೀಟಿ ಊದಿ ಬಸ್ಸು ನಿಲ್ಲಿಸಿದ. ತನಗೂ ಒಂದು ಚುಚ್ಚಿಬಿಟ್ಟರೆ?

ಹೀಗೆ ನಗುತ್ತ ಹೆದರುತ್ತ ಇದ್ದವನಿಗೆ ನಿಜವಾದ ಹೆದರಿಕೆ ಒಂದು ಮಧ್ಯಾಹ್ನ ಬಂತು. ಊಟದ ಬಿಡುವು ಮುಗಿದಿತ್ತು. ಹಾಜರಿ ಪುಸ್ತಕದ ಮೇಲೆ ಬಗ್ಗಿದ್ದೆ. ಗೋಡೆಯಾಚೆ ತಗಡು ಒತ್ತುವ ಪ್ರೆಸ್ಸಿನ ಸದ್ದು ತಟ್ಟನೆ ನಿಂತಿತು. ಆಮೇಲೆ ಜನ ಓಡುವ ಸದ್ದು. ಬಾಗಲಕೋಟೆ ಕಡೆಯ ಮಲ್ಲಪ್ಪನ ಬಲಗೈ ಪ್ರೆಸ್ಸಿಗೆ ಸಿಕ್ಕಿತ್ತು. ಟವೆಲ್ಲು ಸುತ್ತಿ ಅವನನ್ನು ಆಟೋದಲ್ಲಿ ಕೂರಿಸಿದರು. ಜೊತೆಗೆ ಹೋಗಲು ನನ್ನನ್ನು ತಳ್ಳಿದರು. ಅವನು ಕೂಗಲಿಲ್ಲ, ಅಳಲಿಲ್ಲ. ಅವನ ಚಪ್ಪಲಿ ಹಿಡಿದು ಪಕ್ಕದಲ್ಲಿ ಕೂತಿದ್ದ ನನ್ನ ಹಲ್ಲು ಮಾತ್ರ ಕಟಕಟ ಅನ್ನುತ್ತಿತ್ತು.

ಮಾವನ ನರ್ಸಿಂಗ್ ಹೋಮಿನಲ್ಲಿ ಡಾಕ್ಟರು ನೋಡಿದರು. ನನ್ನನ್ನೂ ಮಾವನನ್ನೂ ಬಾಗಿಲಾಚೆ ಕರೆದು ಎರಡು ಬೆರಳು ತೆಗೆಯಲೇಬೇಕು ಎಂದು ಮೆಲ್ಲಗೆ ಹೇಳಿ, ಆಪರೇಷನ್ನಿನ ಸಿದ್ಧತೆಗೆ ಹೋದರು. ಒಳಗೆ ಬಂದಾಗ ಮಲ್ಲಪ್ಪ ನನ್ನ ಮುಖವನ್ನೇ ನೋಡಿದ.

“ಸಾಹೇಬ್ರ, ಬೆರಳ ಉಳೀತಾವೇನ್ರಿ?”

“ಏನೂ ಆಗಲ್ಲ ಮಲ್ಲಪ್ಪ. ಎಲ್ಲ ಸರಿಹೋಗುತ್ತೆ,” ಅಂದುಬಿಟ್ಟೆ.

ಮಾವ ನನ್ನ ಕಡೆ ತಿರುಗಿದರು. ಬೈಗುಳ ಬಂತು ಅಂದುಕೊಂಡು ಗೋಡೆಗೆ ಒತ್ತಿಕೊಂಡೆ. ಅವರು ಸ್ಟೂಲು ಎಳೆದು ಮಂಚದ ಪಕ್ಕ ಕೂತರು.

“ಕೇಳಪ್ಪ. ಕಿರುಬೆರಳು, ಅದರ ಪಕ್ಕದ್ದು, ಎರಡೂ ಹೋಗುತ್ತೆ. ಉಳಿದಿದ್ದು ಉಳಿಯುತ್ತೆ. ರೊಟ್ಟಿ ಮುರೀಬಹುದು, ಮಕ್ಕಳನ್ನ ಎತ್ಕೋಬಹುದು. ಮೊದಮೊದಲು ಕಷ್ಟ. ಆಮೇಲೆ ಕೈ ಕಲಿಯುತ್ತೆ.”

ಮಲ್ಲಪ್ಪ ನಡುಗತೊಡಗಿದ. ಕಬ್ಬಿಣದ ಮಂಚವೂ ಅವನ ಜೊತೆ ನಡುಗಿತು. “ಹೆದರಿಕಿ ಆಗಾಕತ್ತೈತ್ರಿ.”

“ಆಗ್ಲಿ. ನನಗೂ ಆಗಿತ್ತು.”

ಮಾವ ಬಗ್ಗಿ ಎಡಗಾಲಿನ ಬೂಟು ಬಿಚ್ಚಿದರು. ಕಾಲುಚೀಲವನ್ನೂ ತೆಗೆದರು. ಮನೆಯೊಳಗೂ ಕಾಲುಚೀಲ ಹಾಕಿಕೊಂಡಿರುವ ಅವರನ್ನು ನೋಡಿ ನಾವು ಮಿಲಿಟರಿ ಶೋಕಿ ಎಂದು ನಗುತ್ತಿದ್ದೆವು. ಆ ಪಾದದಲ್ಲಿ ಮೂರು ಬೆರಳಿರಲಿಲ್ಲ.

“ಹಿಮಕ್ಕೆ ಸಿಕ್ಕಿ ಕಪ್ಪಾಗಿಬಿಟ್ಟವು,” ಅಂದರು. “ಆಸ್ಪತ್ರೇಲಿ ಎಲ್ರೂ ಏನೂ ಆಗಲ್ಲ, ಏನೂ ಆಗಲ್ಲ ಅಂತಿದ್ರು. ಅಲ್ಲಿ ಒಬ್ಬ ನರ್ಸಿಂಗಿನವನು ಇದ್ದ, ಕೇರಳದ ಕಡೆಯವನು. ಅವನೊಬ್ಬನೇ ನಿಜ ಹೇಳ್ದ. ಹೇಳಿ ಎದ್ದು ಹೋಗ್ಲಿಲ್ಲ, ಪಕ್ಕದಲ್ಲೇ ಕೂತಿದ್ದ. ನಾನೂ ಇಲ್ಲೇ ಇರ್ತೀನಿ.”

ಮಲ್ಲಪ್ಪ ಬಹಳ ಹೊತ್ತು ಆ ಪಾದವನ್ನು ನೋಡಿದ. ಮಂಚದ ನಡುಕ ಕಡಿಮೆಯಾಗುತ್ತ ಬಂತು. ಆಮೇಲೆ ಸರಿಯಾಗಿದ್ದ ಎಡಗೈ ಚಾಚಿ, ಮಾವನ ಮಂಡಿಯ ಮೇಲಿಟ್ಟು ಕೇಳಿದ:

“ಇನ್ನೂ ನೋವ ಆಗ್ತೈತೇನ್ರಿ?”

ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ನಮ್ಮಮ್ಮ, ಬಿಪಿ ನೋಡಿಸಿಕೊಂಡ ಅಪ್ಪ, ಹಿತ್ತಿಲಿನಿಂದ ಓಡುತ್ತಿದ್ದ ನಾನು, ಯಾರೂ ಅವರನ್ನು ಯಾವತ್ತೂ ನೋವಿದೆಯೇ ಎಂದು ಕೇಳಿರಲಿಲ್ಲ. ಮಾವನ ಮೀಸೆ ಒಮ್ಮೆ ಅದುರಿತು.

“ಚಳಿ ಬಿದ್ದಾಗ ಮಾತ್ರ ಕಣಪ್ಪ,” ಅಂದರು. ಆ ದನಿ ಎಷ್ಟು ಮೆಲ್ಲಗಿತ್ತೆಂದರೆ, ಕೇಳಿಸಿಕೊಳ್ಳಲು ನಾನು ಗೋಡೆ ಬಿಟ್ಟು ಅವರ ಹತ್ತಿರಕ್ಕೆ ಹೋಗಬೇಕಾಯಿತು.